ಊರು ಬಿಡುವ ವಿದ್ಯೆ

ಹಳೆಯ ಮೈಸೂರು ಸಂಸ್ಥಾನದ ಸಾಧನೆಗಳನ್ನು ಎಣಿಸಹೊರಟವರು ಶಿವನಸಮುದ್ರದ ವಿದ್ಯುಚ್ಛಕ್ತಿಯನ್ನೂ ಕನ್ನಂಬಾಡಿಯ ಅಣೆಕಟ್ಟನ್ನೂ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯನ್ನೂ 1916ರಲ್ಲಿ ಸ್ಥಾಪಿತವಾದ ವಿಶ್ವವಿದ್ಯಾನಿಲಯವನ್ನೂ ಹೇಳಿ ನಿಲ್ಲಿಸುವುದು ವಾಡಿಕೆ. ಇವೆಲ್ಲಕ್ಕಿಂತ ಹೆಚ್ಚು ಸಂಸಾರಗಳ ದಿನಚರಿಯೊಳಗೆ ಸೇರಿಹೋಗಿರುವ, ಆದುದರಿಂದಲೇ ಯಾರ ಕಣ್ಣಿಗೂ ಸಾಧನೆಯೆಂದು ಬೀಳದಿರುವ ಇನ್ನೊಂದು ಉಂಟು, ಅದು ಬಡಾವಣೆ. ಈ ಬಡಾವಣೆಯ ಪಂಥಕ್ಕೆ ಮೂಲಗ್ರಂಥವಿಲ್ಲ, ಆಚಾರ್ಯನೆಂದು ಹೆಸರಿಸತಕ್ಕ ಒಬ್ಬ ಪುರುಷನಿಲ್ಲ. ಹಾಗಿದ್ದರೂ ಅದಕ್ಕೆ ತನ್ನದೇ ಆದ ವಿಧಿನಿಷೇಧಗಳಿವೆ, ಅಳತೆಗಳಿವೆ, ಒಂದು ಶತಮಾನಕ್ಕೂ ಮೀರಿದ ಶಿಷ್ಯಪರಂಪರೆಯಿದೆ. ಇಂದಿನ ಬೆಂಗಳೂರನ್ನು ಕುರಿತು ದೂರುವವರು ಈ ಪರಂಪರೆಯ ಆದಿಭಾಗವನ್ನು ಹೊಗಳಿ ಅಂತ್ಯಭಾಗವನ್ನು ಹಳಿಯುತ್ತಾರೆ. ಬಸವನಗುಡಿಯನ್ನು ಕಟ್ಟಿದವರು ಬಲ್ಲವರು, ಅನಂತರ ಬಂದವರು ಕೆಡಿಸಿದವರು ಎಂಬುದು ಅವರ ತೀರ್ಪು. ನನಗೆ ಈ ವಿಭಾಗ ಸಮ್ಮತವಲ್ಲ. ದೋಷವು ಬೀಜದಲ್ಲಿಯೇ ಇದ್ದಿತು.

ಬೀಜ ಬಿದ್ದುದು 1892ರಲ್ಲಿ, ಕೋಟೆಯ ಪಶ್ಚಿಮಕ್ಕೆ ಚಾಮರಾಜಪೇಟೆಯ ನೆಟ್ಟನೆಯ ಬೀದಿಗಳು ಅಳೆಯಲ್ಪಟ್ಟಾಗ. ಆದರೆ ಅದು ಮೊಳೆತು ಮರವಾದುದು ಮಹಾಮಾರಿಯಿಂದ. 1898ರ ಆಗಸ್ಟಿನಲ್ಲಿ ಹುಬ್ಬಳ್ಳಿಯ ಕಡೆಯಿಂದ ರೈಲುಮಾರ್ಗವಾಗಿ ಬಂದ ಪ್ಲೇಗು ಬೆಂಗಳೂರಿನ ಪೇಟೆಯನ್ನು ಹೊಕ್ಕಿತು. ಕೆಲವೇ ತಿಂಗಳುಗಳಲ್ಲಿ ಸಾವಿರಾರು ಜನ ಸತ್ತರು, ಬದುಕಿದವರು ಬಾಗಿಲಿಗೆ ಬೀಗ ಹಾಕಿ ಬಯಲಿನಲ್ಲಿ ಗುಡಿಸಲು ಕಟ್ಟಿಕೊಂಡರು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಸರಕಾರ ಆಗ ಕೈಗೊಂಡ ಕ್ರಮಗಳ ಫಲವೇ ಉತ್ತರದಲ್ಲಿ ಮಲ್ಲೇಶ್ವರ, ದಕ್ಷಿಣದಲ್ಲಿ ಬಸವನಗುಡಿ. ಅದೇ ವರ್ಷ ಕರಾಚಿಯಲ್ಲಿ ಪಾಲ್ ಲೂಯಿ ಸಿಮೊಂ ಎಂಬ ಫ್ರೆಂಚ್ ವೈದ್ಯನು ಈ ರೋಗವನ್ನು ಹರಡುವುದು ಇಲಿಯ ಮೈಮೇಲಿನ ಚಿಗಟವೆಂದು ತೋರಿಸಿಕೊಟ್ಟಿದ್ದನು. ವೈದ್ಯಲೋಕ ಅದನ್ನು ಒಪ್ಪಿಕೊಳ್ಳಲು ಹತ್ತು ವರ್ಷ ಹಿಡಿಯಿತು. ಅಷ್ಟರಲ್ಲಿ ನಮ್ಮ ಎಂಜಿನಿಯರುಗಳು ಕೆಟ್ಟ ಗಾಳಿಯನ್ನೇ ಶತ್ರುವೆಂದು ಭಾವಿಸಿ, ರಸ್ತೆ ಎಷ್ಟು ಅಗಲವಿರಬೇಕು, ಮನೆಗೂ ಮನೆಗೂ ನಡುವೆ ಎಷ್ಟು ತೆರಪಿರಬೇಕು, ಕಿಟಕಿ ಯಾವ ಕಡೆಗಿರಬೇಕು ಎಂಬುದನ್ನೆಲ್ಲ ಆ ಭಾವನೆಗೆ ಅನುಗುಣವಾಗಿ ಗೊತ್ತುಮಾಡಿಬಿಟ್ಟಿದ್ದರು. ತಪ್ಪು ನಿದಾನದಿಂದ ಹುಟ್ಟಿದ ಔಷಧವೂ ಕೆಲವೊಮ್ಮೆ ಗುಣ ಕೊಡುವುದುಂಟು. ಬೆಳಕು, ಗಾಳಿ, ನೆರಳಿನ ಸಾಲುಮರ, ನಡುನಡುವೆ ಉದ್ಯಾನ, ಹತ್ತಿರದಲ್ಲಿ ಕಾಡುಮಲ್ಲೇಶ್ವರನ ಅಥವಾ ದೊಡ್ಡಬಸವಣ್ಣನ ಗುಡಿ, ನಡೆದುಹೋಗುವಷ್ಟು ದೂರದಲ್ಲಿ ಪಾಠಶಾಲೆ: ಇವು ಒಂದುಗೂಡಿದ ಕಡೆ ಮನುಷ್ಯರು ನೆಮ್ಮದಿಯಾಗಿ ಬಾಳಿದರೆಂಬುದನ್ನು ಯಾರೂ ಅಲ್ಲಗಳೆಯಲಾರರು.

ಆದರೂ ಆ ನೆಮ್ಮದಿಯನ್ನು ಹಿಂಬಾಗಿಲಿನ ಕಡೆಯಿಂದಲೂ ನೋಡಬೇಕು. ಮಲ್ಲೇಶ್ವರದ ಹಳೆಯ ಭಾಗದಲ್ಲಿ ಎರಡು ಸಾಲು ಮನೆಗಳ ಬೆನ್ನುಗಳ ನಡುವೆ ಇಕ್ಕಟ್ಟಾದ ಓಣಿಗಳು ಇಂದಿಗೂ ಉಳಿದಿವೆ. ಕನ್ಸರ್ವೆನ್ಸಿ ಗಲ್ಲಿಗಳೆಂದು ಅವುಗಳ ಹೆಸರು. ಈಗ ಅಲ್ಲಿ ಸ್ಕೂಟರುಗಳು ನಿಂತಿರುತ್ತವೆ, ಕಟ್ಟಡ ಕೆಡವಿದ ಇಟ್ಟಿಗೆಚೂರು ಬಿದ್ದಿರುತ್ತದೆ, ಎಲ್ಲೋ ಒಂದೆಡೆ ಉತ್ಸಾಹಿಗಳು ಗೋಡೆಗೆ ಚಿತ್ರ ಬರೆದಿರುತ್ತಾರೆ. ಓಣಿ ಹುಟ್ಟಿದ್ದು ಇದಕ್ಕಲ್ಲ. ಮನೆಯ ಹಿತ್ತಲ ಕೊನೆಯ ಪಾಯಿಖಾನೆಯ ಮಲವನ್ನು ಬಳಿದು ಹೊತ್ತೊಯ್ಯುವವನು ಮುಂದಿನ ಬೀದಿಯಲ್ಲಿ ಕಾಣಿಸಿಕೊಳ್ಳದೆ ಬಂದುಹೋಗಲಿ ಎಂಬುದಕ್ಕಾಗಿ ಅದನ್ನು ನಕ್ಷೆಯಲ್ಲಿಯೇ ಬರೆದಿದ್ದರು. ನಿವೇಶನಗಳನ್ನು ಹಂಚುವಾಗಲೂ ಜಾತಿಮತಗಳಿಗನುಸಾರವಾಗಿ ಭಾಗಗಳನ್ನು ವಿಂಗಡಿಸಿದ್ದರು. 1970ರ ದಶಕದ ಆದಿಯಲ್ಲಿ ಪೌರಾಡಳಿತ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರಷ್ಟೆ. ಅಲ್ಲಿಯವರೆಗೆ ನಮ್ಮ ಅತ್ಯಂತ ಸುಂದರವಾದ ಬೀದಿಗಳ ನಿರ್ಮಲತೆಗೆ ಆಧಾರವಾಗಿದ್ದುದು ಅವುಗಳ ಹಿಂದೆ ಅಡಗಿದ್ದ ಈ ಓಣಿ. ಊರಿನಲ್ಲಿ ಯಾರು ಎಲ್ಲಿ ಕಾಣಬೇಕು, ಯಾರು ಕಾಣಬಾರದು ಎಂಬುದನ್ನು ಇಷ್ಟು ಸ್ಪಷ್ಟವಾಗಿ ಗೆರೆ ಎಳೆದು ತೋರಿಸಿದ ಶಾಸ್ತ್ರವನ್ನು ಕೇವಲ ಆರೋಗ್ಯಶಾಸ್ತ್ರವೆಂದು ಕರೆಯಲು ನನಗೆ ಸಂಕೋಚವಾಗುತ್ತದೆ.

ನಕ್ಷೆ ಕಾಣದ ಇನ್ನೊಂದು ವಸ್ತು ವಠಾರ. ಒಂದು ಮನೆಗೆಂದು ಕೊಟ್ಟ ನಿವೇಶನದಲ್ಲಿ ಮಾಲೀಕನು ಮುಂದೆ ತನ್ನ ಮನೆಯನ್ನೂ ಹಿಂದೆ ಸಾಲಾಗಿ ಆರೋ ಎಂಟೋ ಪುಟ್ಟ ಬಿಡಾರಗಳನ್ನೂ ಕಟ್ಟಿ ಬಾಡಿಗೆಗೆ ಕೊಟ್ಟನು. ನಡುವೆ ಒಂದು ನಲ್ಲಿ, ಕೊನೆಯಲ್ಲಿ ಎಲ್ಲರಿಗೂ ಸೇರಿದ ಕಕ್ಕಸು. ಗುಮಾಸ್ತೆಯೂ ಶಾಲೆಯ ಮೇಷ್ಟರೂ ಹಳ್ಳಿಯಿಂದ ಓದಲು ಬಂದ ಹುಡುಗನೂ ಬಡಾವಣೆಯಲ್ಲಿ ಕಾಲೂರಿದ್ದು ಈ ಏರ್ಪಾಡಿನ ಕೃಪೆಯಿಂದ. ನಲ್ಲಿಯ ಸರದಿಗಾಗಿ ಜಗಳವಾಡುತ್ತಲೇ ಒಬ್ಬರ ಮನೆಯ ಬಾಣಂತನಕ್ಕೆ ಇನ್ನೊಬ್ಬರು ಒದಗಿದ ಆ ಜೀವನವನ್ನು ರಮ್ಯವಾಗಿಸಿ ಹೇಳಬೇಕಾಗಿಲ್ಲ. ಅಲ್ಲಿ ಕತ್ತಲಿತ್ತು, ಕಿರಿದಿತ್ತು. ಬಡವನಿಗೆ ಸ್ಥಳ ಕೊಟ್ಟಿದ್ದು ಮಾತ್ರ ಯೋಜನೆಯಲ್ಲ, ಯೋಜನೆಯ ಉಲ್ಲಂಘನೆ.

1903ರಲ್ಲಿ ಮೈಸೂರಿನಲ್ಲಿಯೂ 1945ರಲ್ಲಿ ಬೆಂಗಳೂರಿನಲ್ಲಿಯೂ ನಗರಾಭಿವೃದ್ಧಿ ವಿಶ್ವಸ್ತ ಮಂಡಲಿಗಳು ಸ್ಥಾಪಿತವಾದುವು. ಅಲ್ಲಿಂದ ಮುಂದೆ ಬಡಾವಣೆಯು ಆಪತ್ಕಾಲದ ಉಪಾಯವಾಗಿ ಉಳಿಯದೆ ಇಲಾಖೆಯ ನಿತ್ಯಕರ್ಮವಾಯಿತು. ನಡುವೆ ಒಂದು ಅವಕಾಶ ಒದಗಿದ್ದಿತು. ನಾಜಿಗಳ ಜರ್ಮನಿಯನ್ನು ತೊರೆದು ಬಂದ ಆಟೊ ಕೋನಿಗ್ಸ್‌ಬರ್ಗರ್ 1939ರಿಂದ ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾಗಿದ್ದರು. ಶಾಲೆ, ಅಂಗಡಿ, ಆಟದ ಬಯಲುಗಳ ಸುತ್ತ ಮನೆಗಳನ್ನು ಹೆಣೆಯುವ ನೆರೆಹೊರೆಯ ಘಟಕದ ಕಲ್ಪನೆಯನ್ನು ಅವರು ಒರಿಸ್ಸದ ಹೊಸ ರಾಜಧಾನಿ ಭುವನೇಶ್ವರಕ್ಕೆ 1948ರಲ್ಲಿ ಕೊಟ್ಟರು. ಅದೇ ವರ್ಷ ಜಯನಗರಕ್ಕೆ ಅಸ್ತಿವಾರ ಹಾಕಿದ ಬೆಂಗಳೂರು ತನ್ನ ಹಳೆಯ ದಾರಿಯನ್ನೇ ದೊಡ್ಡದಾಗಿ ಹಿಡಿಯಿತು. ಜಯನಗರ ಕೆಟ್ಟ ಬಡಾವಣೆಯೆಂದು ನಾನು ಹೇಳುತ್ತಿಲ್ಲ. ಅದರ ನಾಲ್ಕನೆಯ ಬ್ಲಾಕಿನ ಸಂಜೆಯ ಗಲಾಟೆಯನ್ನು ಕಂಡವರಿಗೆ ಅದು ಸಜೀವವಾದ ಸ್ಥಳವೆಂದು ಹೇಳಿಕೊಡಬೇಕಾದುದೂ ಇಲ್ಲ. ಆದರೆ ಚಾಮರಾಜಪೇಟೆಯಿಂದ ಜಯನಗರಕ್ಕೆ, ಜಯನಗರದಿಂದ 1976ರಲ್ಲಿ ರಚಿತವಾದ ಅಭಿವೃದ್ಧಿ ಪ್ರಾಧಿಕಾರದ ಬಡಾವಣೆಗಳಿಗೆ ಬರುವಷ್ಟರಲ್ಲಿ ಯೋಜಕನ ಗಮನವು ಬೀದಿಯಿಂದ ಜಾರಿ ಸೈಟಿನ ಮೇಲೆ ನೆಲಸಿಬಿಟ್ಟಿತು. ಮೂವತ್ತು ನಲವತ್ತು, ನಲವತ್ತು ಅರವತ್ತು ಎಂಬ ಅಡಿಗಳ ಲೆಕ್ಕ. ಹರಾಜಿಗೆ ಮೂಲೆ ಸೈಟು, ಅರ್ಜಿದಾರರಿಗೆ ಇಂಟರ್ಮೀಡಿಯೆಟ್ ಸೈಟು, ಸಂಘಸಂಸ್ಥೆಗಳಿಗೆ ಗುತ್ತಿಗೆಗೆ ಸಿ.ಎ., ಎಂದರೆ ನಾಗರಿಕ ಸೌಲಭ್ಯದ, ಸೈಟು, ಬೀದಿಗೆ ಹೆಸರಿನ ಬದಲು ಸಂಖ್ಯೆ, ಸಂಖ್ಯೆ ಸಾಲದಾದಾಗ ಅದರ ಪಕ್ಕದಲ್ಲಿ 'ಎ' ಎಂಬ ಅಕ್ಷರ. ಅಕ್ಕಿಪೇಟೆ, ಅರಳೆಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ ಎಂದು ಜನರ ಕಸುಬಿನಿಂದ ಬೀದಿಗಳನ್ನು ಕರೆದ ಊರಿನಲ್ಲಿ ಹನ್ನೊಂದನೆಯ 'ಎ' ಅಡ್ಡರಸ್ತೆಯನ್ನು ಹುಡುಕುತ್ತ ಅಲೆದಾಡದ ಪುಣ್ಯವಂತರು ವಿರಳ. ನಗರವೆಂದರೆ ನಿವೇಶನಗಳ ಪಟ್ಟಿ, ನಾಗರಿಕನೆಂದರೆ ಸರದಿಯಲ್ಲಿರುವ ಅರ್ಜಿದಾರ ಎಂದಾಯಿತು.

ಈ ಪಟ್ಟಿಯನ್ನು ಉದ್ದವಾಗಿಸಲು ನೆಲ ಬೇಕಷ್ಟೆ. ನೆಲವು ಹಳ್ಳಿಗಳದು, ಆ ಹಳ್ಳಿಗಳ ಕೆರೆಗಳದು. ಕೆಂಪೇಗೌಡನ ಕಾಲದಿಂದಲೂ ನದಿಯಿಲ್ಲದ ಈ ಎತ್ತರದ ನೆಲದಲ್ಲಿ ಊರು ನಿಂತದ್ದು ಕೆರೆಯಿಂದ ಕೆರೆಗೆ ಕೋಡಿಹರಿಯುವ ನೀರಿನ ಮೇಲೆ. ನಲ್ಲಿಯಲ್ಲಿ ದೂರದ ನೀರು ಬಂದ ಮೇಲೆ ಕೆರೆಯು ಯೋಜಕನ ಕಣ್ಣಿಗೆ ಖಾಲಿ ಜಾಗವಾಗಿ ಕಾಣಿಸತೊಡಗಿತು. ಧರ್ಮಾಂಬುಧಿಯ ಅಂಗಳದಲ್ಲಿ ಬಸ್ ನಿಲ್ದಾಣ, ಸಂಪಂಗಿ ಕೆರೆಯಲ್ಲಿ ಕಂಠೀರವ ಕ್ರೀಡಾಂಗಣ, ಕೋರಮಂಗಲದ ಕೆರೆಯಲ್ಲಿ 1997ರ ರಾಷ್ಟ್ರೀಯ ಕ್ರೀಡೆಗಳ ಗ್ರಾಮ ಎದ್ದುವು. ಮಳೆಗೆ ಈ ವರ್ಗಾವಣೆಗಳ ವರದಿ ತಲುಪಿಲ್ಲವಾಗಿ ಅದು ಹಳೆಯ ವಿಳಾಸಗಳಿಗೇ ಬರುತ್ತಿರುತ್ತದೆ. ಹಳ್ಳಿಗಳ ಕಥೆ ಸ್ವಲ್ಪ ಬೇರೆ. ಹೊಲಗದ್ದೆಗಳನ್ನು ವಶಪಡಿಸಿಕೊಂಡರೂ ಗ್ರಾಮಠಾಣವನ್ನು, ಎಂದರೆ ಮನೆಗಳಿರುವ ಭಾಗವನ್ನು, ಹೆಚ್ಚಾಗಿ ಮುಟ್ಟಲಿಲ್ಲ. ಆದುದರಿಂದ ಜಯನಗರದ ನೇರವಾದ ರಸ್ತೆಗಳ ಅಂಚಿನಲ್ಲಿ ಭೈರಸಂದ್ರ, ಯಡಿಯೂರು, ಮಾರೇನಹಳ್ಳಿಗಳ ಡೊಂಕು ಬೀದಿಗಳು ಉಳಿದುವು. ಇಸ್ತ್ರಿಯವನು, ಹಾಲಿನವನು, ಹೂ ಕಟ್ಟುವವಳು, ಮನೆಗೆಲಸದವಳು ವಾಸಿಸಲು ಕೈಗೆಟಕುವ ಬಾಡಿಗೆಯ ಕೋಣೆ ದೊರೆತದ್ದು ಈ ಬೀದಿಗಳಲ್ಲಿ. ಬೆಳಗಿನ ಆರು ಗಂಟೆಗೆ ಬಡಾವಣೆಯ ಬಾಗಿಲು ತಟ್ಟುವವರೆಲ್ಲ ಬರುವುದು ನಕ್ಷೆಯಲ್ಲಿ ಬಣ್ಣ ಬಳಿಯದೆ ಬಿಟ್ಟ ಈ ಮೂಲೆಗಳಿಂದ. ಮುಟ್ಟಲಾಗದೆ ಬಿಟ್ಟ ಅಲ್ಪಭಾಗವು ಯೋಜಿಸಿ ಕಟ್ಟಿದ ಬಹುಭಾಗವನ್ನು ಬದುಕಿಸಿಕೊಂಡು ಬಂದಿದೆ.

ಬೇರೆ ದಾರಿಯೇ ಇರಲಿಲ್ಲವೆ? ಇದ್ದಿತು, ಅದು ನಮ್ಮ ಸೀಮೆಯವರೆಗೂ ಬಂದಿತ್ತು. ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಗೆಡ್ಡೀಸ್ 1914ರಲ್ಲಿ ಭಾರತಕ್ಕೆ ಬಂದು ಹತ್ತಾರು ಊರುಗಳನ್ನು ಕಾಲ್ನಡಿಗೆಯಲ್ಲಿ ಸುತ್ತಿ ವರದಿ ಬರೆದರು. ಅಂದು ಮದರಾಸು ಪ್ರಾಂತಕ್ಕೆ ಸೇರಿದ್ದ ಬಳ್ಳಾರಿಯೂ ಅವುಗಳಲ್ಲಿ ಒಂದು. ಇಕ್ಕಟ್ಟಾದ ಕೇರಿಯ ನಡುವೆ ಅಗಲವಾದ ರಸ್ತೆಯನ್ನು ಹಾಯಿಸಿ ನೂರು ಮನೆ ಕೆಡವುವುದು, ಕೆಟ್ಟವರನ್ನೂ ಕೆಡದವರನ್ನೂ ಒಟ್ಟಿಗೆ ಹೊರಗೆ ದಬ್ಬುವುದು, ಆಗಿನ ಅಭಿವೃದ್ಧಿ ಮಂಡಲಿಗಳ ರೂಢಿ. ಗೆಡ್ಡೀಸ್ ಅದರ ಬದಲು ಪಾಳುಬಿದ್ದ ಒಂದೆರಡು ಮನೆಗಳನ್ನಷ್ಟೆ ತೆಗೆದು ಅಲ್ಲೊಂದು ಬಯಲು, ಬಯಲಿನಲ್ಲೊಂದು ಮರ, ಹಳೆಯ ಬಾವಿಯ ದುರಸ್ತಿ, ಓಣಿಗಳ ಅಲ್ಪ ವಿಸ್ತರಣ ಇಷ್ಟರಿಂದಲೇ ಕೇರಿಯನ್ನು ಗುಣಪಡಿಸಬಹುದೆಂದು ವಾದಿಸಿದರು. ಇಂದೂರಿನಲ್ಲಿ ಪ್ಲೇಗಿನ ಭಯವಿದ್ದಾಗ ಅವರು ಒಂದು ದಿನದ ಮಟ್ಟಿಗೆ ಮಹಾರಾಜನ ಸ್ಥಾನವನ್ನು ಕೇಳಿ ಪಡೆದು, ದೀಪಾವಳಿಯ ಮೆರವಣಿಗೆಯು ಯಾವ ಬೀದಿಗಳು ಅತ್ಯಂತ ಚೊಕ್ಕಟವಾಗಿರುವುವೋ ಆ ಬೀದಿಗಳಲ್ಲಿಯೇ ಸಾಗುವುದೆಂದು ಸಾರಿಸಿದರು. ಊರಿಗೆ ಊರೇ ಗುಡಿಸಿತು, ಸುಣ್ಣ ಬಳಿಯಿತು. ಮೆರವಣಿಗೆಯಲ್ಲಿ ಪ್ಲೇಗಿನ ಇಲಿಯ ದೊಡ್ಡ ಬೊಂಬೆಯಿತ್ತು, ಕೊನೆಗೆ ಅದನ್ನು ಸುಟ್ಟರು; ಜಾಡಮಾಲಿಗಳು ಹೊಸ ಬಟ್ಟೆಯುಟ್ಟು ರಾಜಬೀದಿಯಲ್ಲಿ ಎಲ್ಲರೆದುರು ನಡೆದರು. ಮಲ್ಲೇಶ್ವರದ ಹಿಂದಿನ ಓಣಿಯನ್ನು ನೆನೆದರೆ ಈ ಒಂದು ಏರ್ಪಾಡಿನ ಬೆಲೆ ತಿಳಿಯುತ್ತದೆ.

ಗೆಡ್ಡೀಸರ ಭಕ್ತರು ಅವರ ಸೋಲನ್ನು ಹೇಳುವುದಿಲ್ಲ. ಅವರ ವರದಿಗಳಲ್ಲಿ ಬಹುಪಾಲು ಕಪಾಟಿನಲ್ಲಿಯೇ ಉಳಿದುವು. ಒಂದು ದಿನದ ಮಹಾರಾಜನ ವಿದ್ಯೆಗೆ ಮರುದಿನ ಅಧಿಕಾರವಿಲ್ಲ. ಮನೆಮನೆಯ ಮುಂದೆ ನಿಂತು ನೋಡುವ ಅವರ ವಿಧಾನವನ್ನು ಕಲಿಸುವುದಕ್ಕೆ ವ್ಯವಧಾನ ಬೇಕು. ಸರ್ವೆ ನಂಬರಿನ ಮೇಲೆ ಚೌಕ ಎಳೆಯುವುದಕ್ಕೆ ಬೇಡ. ಇಲಾಖೆಗಳು ಸುಲಭವಾದುದನ್ನು ಆರಿಸಿಕೊಂಡದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಬಡಾವಣೆಯ ಪಂಥದ ಮೇಲೆ ನನ್ನ ಮುಖ್ಯ ಆಕ್ಷೇಪ ಇದು: ಊರಿಗೆ ರೋಗ ತಗುಲಿದಾಗ ಊರು ಬಿಡುವುದು ವಿವೇಕವಿರಬಹುದು, ಆದರೆ ಆ ವಿದ್ಯೆಯನ್ನೇ ಊರು ಕಟ್ಟುವ ವಿದ್ಯೆಯೆಂದು ನಾವು ನೂರಿಪ್ಪತ್ತೈದು ವರ್ಷ ಆಚರಿಸಿಕೊಂಡು ಬಂದೆವು. ಪ್ಲೇಗಿಗೆ ಬಸವನಗುಡಿ ಉತ್ತರವಾಯಿತು. ಜನಸಂಖ್ಯೆ ಬೆಳೆದಾಗ, ಬಾಡಿಗೆ ಏರಿದಾಗ, ವಾಹನ ಕಿಕ್ಕಿರಿದಾಗ, ನೀರು ಬತ್ತಿದಾಗ ಅದೇ ಉತ್ತರ ಇನ್ನಷ್ಟು ದೂರದ ಹಳ್ಳಿಯ ಹೆಸರಿನಲ್ಲಿ ಮತ್ತೆ ಬಂದಿತು. ಬಿಟ್ಟುಬಂದ ಪೇಟೆಯನ್ನು ಮಾತ್ರ ಯಾರೂ ಗುಣಪಡಿಸಲಿಲ್ಲ. ಚಿಕ್ಕಪೇಟೆಯ ಗಲ್ಲಿಯೊಂದರಲ್ಲಿ ಕೆಳಗೆ ರೇಷ್ಮೆಯ ಅಂಗಡಿ, ಅದರ ಮೇಲೆ ಗೋದಾಮು, ಗೋದಾಮಿನ ಮೇಲೆ ಕೆಲಸಗಾರರ ವಸತಿ. ಮೂಟೆ ಹೊತ್ತವನಿಗೆ ದಾರಿಬಿಡುತ್ತ ಗೋಡೆಗೆ ಒರಗಿ ನಿಂತ ಗಿರಾಕಿ. ಚರಂಡಿ, ಬೆಂಕಿಯ ಭಯ, ವಿದ್ಯುತ್ತಿನ ತಂತಿಯ ಗೋಜಲು ಇವೆಲ್ಲ ಇದ್ದೂ ದುಡಿಮೆಯನ್ನೂ ವಾಸವನ್ನೂ ಒಂದೆಡೆ ಇಟ್ಟುಕೊಂಡಿರುವ ಈ ಊರಿನಿಂದ ಕಲಿಯತಕ್ಕದ್ದು ಏನಾದರೂ ಉಂಟೆ ಎಂದು ಕೇಳುವ ಅಭ್ಯಾಸ ನಮ್ಮ ಯೋಜಕರಿಗೆ ಇಂದಿಗೂ ಬಂದಿಲ್ಲ. 1951ರಲ್ಲಿ ಎಂಟು ಲಕ್ಷದ ಸಮೀಪದಲ್ಲಿದ್ದ ಜನಸಂಖ್ಯೆ 2011ರ ಜನಗಣತಿಯ ವೇಳೆಗೆ ಎಂಬತ್ತನಾಲ್ಕು ಲಕ್ಷವನ್ನು ಮುಟ್ಟಿತು. 2015ನೆಯ ಇಸವಿಯನ್ನು ಗುರಿಯಾಗಿಟ್ಟುಕೊಂಡು 2007ರಲ್ಲಿ ಅಂಗೀಕೃತವಾದ ಪರಿಷ್ಕೃತ ಮಹಾಯೋಜನೆಯು ಆ ಇಸವಿ ಕಳೆದು ಹಲವು ವರ್ಷಗಳಾದ ಮೇಲೂ ಈ ಜನಸ್ತೋಮವನ್ನು ಆಳುತ್ತಿದ್ದಿತು.

ಹೊಸ ಬಡಾವಣೆಯ ಪ್ರಕಟಣೆ ಮತ್ತೆ ಪತ್ರಿಕೆಗಳಲ್ಲಿ ಬರುವುದು, ಅರ್ಜಿ ಹಾಕುವವರಲ್ಲಿ ಈ ಲೇಖನದ ಓದುಗರೂ ಇರುವರು. ಸೂರು ಬಯಸುವುದು ಅಪರಾಧವಲ್ಲ. ಅವರಲ್ಲಿ ನನ್ನ ಕೋರಿಕೆ ಇಷ್ಟೆ: ಠೇವಣಿ ಕಟ್ಟುವುದಕ್ಕೆ ಮೊದಲು ಅಧಿಸೂಚನೆಯಲ್ಲಿ ಅಚ್ಚಾಗಿರುವ ಹಳ್ಳಿಗಳ ಹೆಸರನ್ನೂ ಸರ್ವೆ ನಂಬರುಗಳನ್ನೂ ಒಮ್ಮೆ ಓದಿ, ಅವುಗಳಲ್ಲಿ ಕೆರೆ ಯಾವುದು, ಕೋಡಿಯ ಹಾದಿ ಯಾವುದು, ಅಲ್ಲಿ ಈಗ ಇರುವವರಿಗೆ ಜಾಗ ಎಲ್ಲಿ ಎಂದು ಪ್ರಾಧಿಕಾರಕ್ಕೆ ಲಿಖಿತವಾಗಿ ಕೇಳಿ.