ಅರ್ತಿಂಗ್ ನೋಡಿದ್ರಾ?

ಸಿಗ್ನಲ್ಲಿನಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆದು ನಿಂತರೂ ಎಂಜಿನ್ ರೇಸ್ ಆಗುತ್ತಲೇ ಇರುತ್ತಿತ್ತು, ಪಕ್ಕದ ಸ್ಕೂಟರಿನವರು ತಿರುಗಿ ನೋಡುವಷ್ಟು. ಬೆಳಿಗ್ಗೆ ಸೆಲ್ಫ್ ಹೊಡೆದರೆ ನಿದ್ದೆಗಣ್ಣಲ್ಲಿ ಎದ್ದವರ ಹಾಗೆ ಎರಡು ಸುತ್ತು ನರಳಿ, ಒಂದಿಷ್ಟು ಯೋಚಿಸಿ, ಆಮೇಲೆ ಸ್ಟಾರ್ಟ್. ಶಿವಮೊಗ್ಗದ ನಮ್ಮ ಮನೆಯ ಇಪ್ಪತ್ತು ವರ್ಷದ ಸಣ್ಣ ಕಾರಿಗೆ ಒಂದು ಮಳೆಗಾಲದಲ್ಲಿ ಹಿಡಿದ ಕಾಯಿಲೆ ಇದು. ಮೊದಲ ಗ್ಯಾರೇಜಿನವರು ಥ್ರಾಟಲ್ ಬಾಡಿ ಬಿಚ್ಚಿ ಕಾರ್ಬನ್ ತೊಳೆದರು. ಎರಡನೆಯವರು ಸ್ಕ್ಯಾನರ್ ಹಾಕಿ, ಥ್ರಾಟಲ್ ಸೆನ್ಸರ್ ಹೋಗಿದೆ ಎಂದು ಹೊಸದನ್ನು ಕೂರಿಸಿದರು. ಮೂರನೆಯವರು ಬ್ಯಾಟರಿ ಬದಲಿಸಿದರು. ಮೂರು ಬಿಲ್ಲು ಸೇರಿ ಹನ್ನೆರಡು ಸಾವಿರದ ಹತ್ತಿರ ಹೋಯಿತು. ರೋಗ ಇದ್ದಲ್ಲೇ ಇತ್ತು.

ನಾಲ್ಕನೆಯವರು ಅರವತ್ತು ದಾಟಿದ ಆಟೋ ಎಲೆಕ್ಟ್ರಿಷಿಯನ್. ಬಾನೆಟ್ ಎತ್ತುವ ಮೊದಲು ನನ್ನ ಕತೆಯನ್ನು ಪೂರ್ತಿ ಕೇಳಿ, "ಅರ್ತಿಂಗ್ ಯಾರಾದ್ರೂ ನೋಡಿದ್ರಾ ಸಾರ್?" ಎಂದರು. ಯಾರೂ ನೋಡಿರಲಿಲ್ಲ. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದನ್ನು ಎಂಜಿನ್ ಬ್ಲಾಕಿಗೆ ಇಟ್ಟು ಸೆಲ್ಫ್ ಹೊಡೆಯಲು ಹೇಳಿದರು. ಮೀಟರು 1.8 ವೋಲ್ಟ್ ತೋರಿಸಿತು. "0.2 ದಾಟಬಾರ್ದು ಇದು." ಮತ್ತೆ ನಾಲ್ಕು ಸಲ ಸೆಲ್ಫ್ ಹೊಡೆಸಿ, "ಈಗ ಇಳಿದು ಬನ್ನಿ, ಈ ಕೇಬಲ್ ಮುಟ್ಟಿ" ಎಂದರು. ಮುಟ್ಟಿದೆ. ಆಕ್ಸಿಲರೇಟರ್ ಕೇಬಲ್ಲು ಆಗಷ್ಟೇ ಕಾಫಿ ಬಗ್ಗಿಸಿದ ಸ್ಟೀಲ್ ಲೋಟದ ಹಾಗೆ ಬಿಸಿಯಾಗಿತ್ತು.

ಸಣ್ಣ ಕಾರಿನ ಸೆಲ್ಫ್ ಮೋಟರಿಗೂ ನೂರು ಆಂಪಿಯರಿನ ಆಸುಪಾಸು ಕರೆಂಟ್ ಬೇಕು. ಹೋದ ಕರೆಂಟು ಬ್ಯಾಟರಿಗೆ ಮರಳಲೂ ಬೇಕು. ಎಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗ್ ಮೇಲಾದ್ದರಿಂದ ಮರಳುವ ಹೆದ್ದಾರಿ ಎಂದರೆ ದಪ್ಪ ತಾಮ್ರದ ಅರ್ತ್ ಪಟ್ಟಿಯೊಂದೇ. ನಮ್ಮ ಕಾರಿನಲ್ಲಿ ಅದು ಮಲೆನಾಡಿನ ಮಳೆ ಕುಡಿದು ಹಸಿರುಗಟ್ಟಿ, ಕೆಲವೇ ಎಳೆಗಳಲ್ಲಿ ನೇತಾಡುತ್ತಿತ್ತು. ಹೆದ್ದಾರಿ ಮುಚ್ಚಿದಾಗ ಲಾರಿಗಳು ಊರೊಳಗಿನ ಓಣಿಗೆ ನುಗ್ಗುವ ಹಾಗೆ, ಕರೆಂಟು ಎಂಜಿನ್ನಿಗೂ ಬಾಡಿಗೂ ನಡುವೆ ಸಿಕ್ಕ ಉಕ್ಕಿನ ಕೇಬಲ್ಲಿಗೆ ನುಗ್ಗಿತ್ತು. ಕೇಬಲ್ ಕಾದು, ಒಳಗಿನ ಪ್ಲಾಸ್ಟಿಕ್ ಕೊಳವೆ ಕರಗಿ, ತಂತಿ ಬಿಗಿಯಾಗಿ, ಥ್ರಾಟಲ್ ಪೂರ್ತಿ ಮುಚ್ಚದೆ ನಿಂತಿತ್ತು. ಬೆಳಗಿನ ಸೋಮಾರಿ ಸೆಲ್ಫಿಗೂ ಸಿಗ್ನಲ್ಲಿನ ರೇಸಿಗೂ ಬೇರು ಒಂದೇ. ಥ್ರಾಟಲ್ ತೆರೆದೇ ಇದೆ ಎಂದು ಸೆನ್ಸರ್ ಹೇಳಿದ್ದು ನಿಜವೇ ಆಗಿತ್ತು. ನಾವು ಸತ್ಯ ಹೇಳಿದ ಸಾಕ್ಷಿಯನ್ನೇ ಗಲ್ಲಿಗೇರಿಸಿದ್ದೆವು.

ಹಳಬರ ಜಾಣತನ, ಹೊಸಬರ ದಡ್ಡತನ ಎಂದು ಈ ಪ್ರಸಂಗವನ್ನು ಮುಗಿಸಿಬಿಡಬಹುದು. ಆದರೆ ನಮ್ಮ ಗ್ಯಾರೇಜುಗಳಲ್ಲಿ ರೋಗ ಪತ್ತೆಯ ಪದ್ಧತಿಗಳು ಎರಡು ಮೂರು ಇವೆ. ಪ್ರತಿಯೊಂದರ ಗುಣವನ್ನೂ ದೋಷವನ್ನೂ ಬೇರೆ ಬೇರೆಯಾಗಿ ತೂಗಿಯೇ ನೋಡಬೇಕು.

ಮೊದಲನೆಯದು ಕಿವಿಯ ಪದ್ಧತಿ. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಮಾರುತಿ 800ರ ಕಾರ್ಬುರೇಟರಿನ ಮೇಲೆ ಕೈ ಪಳಗಿಸಿಕೊಂಡ ಒಂದು ಇಡೀ ತಲೆಮಾರಿನ ಮೆಕ್ಯಾನಿಕ್‌ಗಳು ನಮ್ಮಲ್ಲಿದ್ದಾರೆ. ಎಂಜಿನ್ನಿನ ಸದ್ದು ಕೇಳಿಯೇ ಮಿಸ್ಸಿಂಗ್ ಯಾವ ಸಿಲಿಂಡರಿನಲ್ಲಿ ಎಂದು ಹೇಳಬಲ್ಲವರು. ಆದರೆ ಅವರಲ್ಲಿ ಹಲವರು ಸ್ಕ್ರೂಡ್ರೈವರ್ ಚಟವನ್ನು ಕಾರ್ಬುರೇಟರೇ ಇಲ್ಲದ ಎಂಪಿಎಫ್‌ಐ ಎಂಜಿನ್ನಿಗೂ ತಂದರು. ಐಡ್ಲಿಂಗ್ ಏರುಪೇರಾದರೆ ಥ್ರಾಟಲ್ ಬಾಡಿಯ ಸ್ಟಾಪ್ ಸ್ಕ್ರೂ ತಿರುಗಿಸಿಬಿಡುತ್ತಾರೆ. ಕಾರ್ಖಾನೆಯಲ್ಲೇ ಕೂರಿಸಿ ಬಿಟ್ಟ ಸ್ಕ್ರೂ ಅದು. ತಿರುಗಿಸಿದರೆ 'ಮುಚ್ಚಿದೆ' ಎನ್ನಬೇಕಾದ ಸೆನ್ಸರಿನ ಲೆಕ್ಕವೇ ತಪ್ಪುತ್ತದೆ. ಆ ಹೊತ್ತಿಗೆ ರೋಗ ಮುಚ್ಚಿಹೋಗುತ್ತದೆ, ಮುಂದಿನವನಿಗೆ ಎರಡು ರೋಗ ಕಾದಿರುತ್ತವೆ.

ಎರಡನೆಯದು ಟೆಸ್ಟ್ ಲ್ಯಾಂಪಿನ ಪದ್ಧತಿ. ಒಂದು ಬಲ್ಬು, ಒಂದು ಕ್ಲಿಪ್ಪು, ಒಂದು ಚೂಪಾದ ಮೊನೆ. ಇದನ್ನು ನೋಡಿ ನಗುವವರು ಒಂದು ಸಂಗತಿ ಮರೆಯುತ್ತಾರೆ: ತಂತಿಯ ಹತ್ತಾರು ಎಳೆ ತುಂಡಾಗಿ ಒಂದೇ ಉಳಿದಿದ್ದರೂ ಡಿಜಿಟಲ್ ಮೀಟರು 12 ವೋಲ್ಟ್ ಎಂದೇ ತೋರಿಸಬಹುದು, ಏಕೆಂದರೆ ಅದು ತಂತಿಯಿಂದ ಕೆಲಸವನ್ನೇ ತೆಗೆದುಕೊಳ್ಳುವುದಿಲ್ಲ. ಬಲ್ಬು ತೆಗೆದುಕೊಳ್ಳುತ್ತದೆ. ತಂತಿಗೆ ಶಕ್ತಿ ಇಲ್ಲದಿದ್ದರೆ ಮಂಕಾಗಿಯೇ ಹೇಳಿಬಿಡುತ್ತದೆ. ನಮ್ಮ ಕಾರಿನ ಅರ್ತ್ ಪಟ್ಟಿಯನ್ನು ಓಮ್ಸ್‌ನಲ್ಲಿ ಅಳೆದಿದ್ದರೆ ಬಹುತೇಕ ಸೊನ್ನೆ ಬರುತ್ತಿತ್ತು. 0.018 ಓಮ್ ಯಾವ ಸಾದಾ ಮೀಟರಿನ ಕಣ್ಣಿಗೂ ಬೀಳದು. ನೂರು ಆಂಪಿಯರ್ ಹರಿದಾಗ ಮಾತ್ರ ಅದು 1.8 ವೋಲ್ಟ್ ಆಗಿ ಎದ್ದು ನಿಲ್ಲುತ್ತದೆ. ಭಾರ ಹೊರಿಸದೆ ತಂತಿಯ ಯೋಗ್ಯತೆ ತಿಳಿಯದು, ಇದು ಬಲ್ಬು ಕಲಿಸುವ ಪಾಠ. ಆದರೆ ಅದೇ ಬಲ್ಬನ್ನು ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯುವಿನ ತಂತಿಗೆ ಚುಚ್ಚಿದರೆ ಅದು ಎಳೆಯುವ ಕರೆಂಟಿಗೆ ಒಳಗಿನ ಸರ್ಕ್ಯೂಟ್ ಸುಟ್ಟುಹೋಗಬಹುದು. ಮೊನೆ ಚುಚ್ಚಿದ ತೂತಿನಿಂದ ನೀರಿಳಿದು ಮುಂದಿನ ಮಳೆಗಾಲಕ್ಕೆ ತಾಮ್ರ ಹಸಿರುಗಟ್ಟುತ್ತದೆ. ಹಾರ್ನು, ಸ್ಟೀರಿಯೋ, ಫಾಗ್ ಲ್ಯಾಂಪುಗಳಿಗಾಗಿ ತಂತಿ ಕೊಯ್ದು ಕಪ್ಪು ಟೇಪು ಸುತ್ತಿದ ಜಾಯಿಂಟುಗಳೂ ಬಹುಪಾಲು ಈ ಪರಂಪರೆಯ ಕೊಡುಗೆಯೇ.

ಮೂರನೆಯದು ಸ್ಕ್ಯಾನರ್. ಇದನ್ನು ಬೈಯುವುದು ಈಗ ಹಳೆಯ ಕಾರಿನವರ ಫ್ಯಾಷನ್ನು, ನಾನು ಸೇರಲಾರೆ. ಕೇಬಲ್ಲೇ ಇಲ್ಲದ ಎಲೆಕ್ಟ್ರಾನಿಕ್ ಥ್ರಾಟಲ್ಲಿನ ಕಾರುಗಳಲ್ಲಿ ಪೆಡಲಿಗೆ ಎರಡು ಸೆನ್ಸರ್, ಥ್ರಾಟಲ್ಲಿಗೆ ಎರಡು. ಜೋಡಿಗಳ ಮಾತು ಒಂದಕ್ಕೊಂದು ತಾಳೆಯಾಗದಿದ್ದರೆ ಇಸಿಯು ಎಂಜಿನ್ನಿನ ಬಲವನ್ನೇ ಕಟ್ಟಿಹಾಕುತ್ತದೆ. ಅಲ್ಲಿ ಕಿವಿಗೂ ಬಲ್ಬಿಗೂ ಕೆಲಸ ಕಡಿಮೆ. ಓಡುತ್ತಿರುವ ಎಂಜಿನ್ನಿನ ಲೈವ್ ಡೇಟಾ, ದೋಷ ಕಂಡ ಕ್ಷಣದ ಸ್ಥಿತಿಯ ದಾಖಲೆ, ಇವು ಹಿಂದಿನವರಿಗೆ ಸಿಗದಿದ್ದ ಕಣ್ಣುಗಳು.

ದೋಷ ಸ್ಕ್ಯಾನರಿನದಲ್ಲ, ಓದುವವರದು. ಉದಾಹರಣೆಗೆ ಪಿ0122 ಎಂಬ ಕೋಡ್. ಥ್ರಾಟಲ್ ಸೆನ್ಸರಿನ ಸರ್ಕ್ಯೂಟಿನಲ್ಲಿ ವೋಲ್ಟೇಜ್ ಕಡಿಮೆ ಎಂದಷ್ಟೇ ಅದರ ಅರ್ಥ. ಸೆನ್ಸರ್ ಕೆಟ್ಟಿರಬಹುದು. ಅದಕ್ಕೆ ಬರಬೇಕಾದ 5 ವೋಲ್ಟ್ ಬರುತ್ತಿಲ್ಲದಿರಬಹುದು. ಕಪ್ಲರಿನ ಪಿನ್ ತುಕ್ಕು ಹಿಡಿದಿರಬಹುದು. ಇಲಿ ತಂತಿ ಕಡಿದಿರಬಹುದು. ಕೋಡ್ ಎಂಬುದು ಠಾಣೆಗೆ ಬಂದ ದೂರು, ಅದನ್ನೇ ತೀರ್ಪೆಂದು ಓದುವ ಅವಸರ ನಮ್ಮದು. ತನಿಖೆಗೆ ಹಿಡಿಯುವುದು ಹತ್ತು ನಿಮಿಷ: ಕೀ ಆನ್ ಮಾಡಿ ಸೆನ್ಸರಿನ ಮೂರು ತಂತಿಗಳಲ್ಲಿ ಒಂದರಲ್ಲಿ 5 ವೋಲ್ಟ್ ಇದೆಯೇ, ಇನ್ನೊಂದರಲ್ಲಿ ಅರ್ತ್ ಇದೆಯೇ, ಪೆಡಲನ್ನು ನಿಧಾನ ಒತ್ತಿದಾಗ ಮೂರನೆಯದು ಸುಮಾರು 0.5 ವೋಲ್ಟಿನಿಂದ 4.5ರ ತನಕ ತಡವರಿಸದೆ ಏರುತ್ತದೆಯೇ ಎಂದು ನೋಡುವುದು. ಹಳೆಯ ಮುಳ್ಳಿನ ಮೀಟರು ಈ ಕೊನೆಯ ಪರೀಕ್ಷೆಗೆ ಈಗಲೂ ಚೆನ್ನ. ಸೆನ್ಸರಿನ ಒಳಗಿನ ಪಟ್ಟಿ ಸವೆದ ಜಾಗದಲ್ಲಿ ಮುಳ್ಳು ಎಡವುವುದು ಕಣ್ಣಿಗೇ ಕಾಣುತ್ತದೆ.

ಹೀಗಿದ್ದೂ ಆ ಹತ್ತು ನಿಮಿಷ ಯಾಕೆ ಯಾರೂ ಕೊಡುವುದಿಲ್ಲ? ಗೊತ್ತಿಲ್ಲದವರು ಇದ್ದಾರೆ, ನಿಜ. ಆದರೆ ಗೊತ್ತಿದ್ದವರೂ ಕೊಡುವುದಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹಳೆಯ ಕಾರಿನ ಸೆನ್ಸರು ಕೈಗೆ ಸಿಗುವ ವಸ್ತು. ಅದಕ್ಕೊಂದು ಡಬ್ಬಿ, ಡಬ್ಬಿಯ ಮೇಲೊಂದು ಬೆಲೆ. ಹಳೆಯದನ್ನು ಗಿರಾಕಿಯ ಕೈಗೆ ಕೊಟ್ಟು 'ಇದೇ ಹೋಗಿತ್ತು' ಎನ್ನಬಹುದು. ಅಳೆದು ನೋಡಿ 'ಇದು ಸರಿಯಿದೆ, ಬದಲಿಸಬೇಡಿ' ಎಂದವನಿಗೆ ನಾವು ಏನು ಕೊಡುತ್ತೇವೆ? 'ಏನೂ ಹಾಕಿಲ್ಲವಲ್ಲ, ಯಾಕೆ ದುಡ್ಡು?' ಎಂದು ಕೇಳುವವರು ನಾವೇ. ಬಿಡಿಭಾಗಕ್ಕೆ ಚೌಕಾಸಿ ಇಲ್ಲದೆ ಕೊಟ್ಟು ಬುದ್ಧಿಗೆ ಚಿಲ್ಲರೆ ಎಣಿಸುವ ಗಿರಾಕಿಯೇ ಪಾರ್ಟ್ ಬದಲಿಸುವ ಪದ್ಧತಿಯನ್ನು ಸಾಕಿದ್ದಾನೆ. ನನ್ನ ಹನ್ನೆರಡು ಸಾವಿರದಲ್ಲಿ ನನ್ನದೂ ಪಾಲಿದೆ. ಮೂರೂ ಕಡೆ ನಾನು ಕೇಳಿದ್ದು 'ಎಷ್ಟಾಗುತ್ತೆ?' ಎಂದು. 'ಏನು ಅಳೆದಿರಿ, ಎಷ್ಟಿರಬೇಕಿತ್ತು, ಎಷ್ಟಿತ್ತು?' ಎಂದು ಒಂದು ಕಡೆಯೂ ಕೇಳಲಿಲ್ಲ. ಒಳ್ಳೆಯ ರೋಗ ಪತ್ತೆಗೆ ನನಗೀಗ ತೋಚುವ ಅಳತೆಗೋಲು ಈ ಮೂರು ಪ್ರಶ್ನೆಗಳೇ. ಉತ್ತರ ಸ್ಕ್ಯಾನರಿನಿಂದ ಬರಲಿ, ಬಲ್ಬಿನಿಂದ ಬರಲಿ, ಹೊಸ ಡಬ್ಬಿ ಒಡೆಯುವ ಮೊದಲು ಬರಬೇಕು.

ಆ ಎಲೆಕ್ಟ್ರಿಷಿಯನ್ ಹೊಸ ಅರ್ತ್ ಪಟ್ಟಿ ಬಿಗಿದರು. ಬಾಡಿಗೆ ಕೂರುವ ಜಾಗದ ಪೇಂಟನ್ನು ಮರಳು ಕಾಗದದಿಂದ ಉಜ್ಜಿ ಕಬ್ಬಿಣ ಹೊಳೆಸಿ, ಮೇಲೆ ಗ್ರೀಸ್ ಸವರಿದರು. ಕೇಬಲ್ ಬದಲಾಯಿತು. ಸೆಲ್ಫ್ ಹೊಡೆದರೆ ಮೀಟರಿನಲ್ಲಿ 0.1. ಕಾಲು ತೆಗೆದರೆ ಎಂಜಿನ್ ಸುಮ್ಮನಾಯಿತು. ಒಂದು ಚೀಟಿಯಲ್ಲಿ ಬರೆದುಕೊಟ್ಟರು: ಅರ್ತ್ ಪಟ್ಟಿ 1, ಕೇಬಲ್ 1, ಫಿಟ್ಟಿಂಗ್ ಚಾರ್ಜು. ಮೊದಲಿನ ಒಂದು ಬಿಲ್ಲಿನ ಕಾಲು ಭಾಗವೂ ಆಗಿರಲಿಲ್ಲ.

"ಕಂಡುಹಿಡಿದದ್ದಕ್ಕೆ ಯಜಮಾನ್ರೇ?" ಎಂದೆ.

"ನೋಡಿದ್ದಕ್ಕೆಲ್ಲಾ ಎಂಥಾ ದುಡ್ಡು ಸಾರ್" ಎಂದು ನಕ್ಕು, ಮೀಟರಿನ ಕಡ್ಡಿಗಳನ್ನು ಸುತ್ತಿ ಜೇಬಿಗಿಟ್ಟರು.