ಹಿಗ್ಗದ ಶೂ

ಸೈಕಲ್ ಶೂ ಮಾರುವವರ ಕೈಗೆ ಈಚೆಗೆ 'ವೀಗನ್' ಎಂಬ ಪದ ಸಿಕ್ಕಿದೆ. ಅದನ್ನು ಕಂಡು ಶೂ ವಿಮರ್ಶೆ ಬರೆಯುವವರೂ ಹಿಗ್ಗಿದ್ದಾರೆ. ಪ್ರಾಣಿಯ ಚರ್ಮ, ಉಣ್ಣೆ, ಅಂಟು ಒಂದೂ ಇಲ್ಲದ ಶೂ ಬಂತು, ಸೈಕಲ್ ಲೋಕಕ್ಕೆ ಕೊನೆಗೂ ಕರುಣೆ ಹುಟ್ಟಿತು ಎಂಬ ಧಾಟಿ. ಪದದ ಚರಿತ್ರೆ ಇಲ್ಲಿ ಬೇಡ. 1944ರ ಇಂಗ್ಲೆಂಡು, ಡೊನಾಲ್ಡ್ ವಾಟ್ಸನ್ ಮತ್ತು ಗೆಳೆಯರ ಕಥೆ ಆಸಕ್ತರಿಗೆ ಗೊತ್ತಿರುವುದೇ. ಕೇಳಬೇಕಾದ ಪ್ರಶ್ನೆ ಬೇರೆ. ರೇಸಿನ ಸೈಕಲ್ ಶೂಗಳಲ್ಲಿ ಬಹುಪಾಲು ಚರ್ಮ ಬಿಟ್ಟು ದಶಕಗಳೇ ಕಳೆದಿವೆ. ಬಿಡಿಸಿದ್ದು ಯಾರ ಕರುಣೆಯೂ ಅಲ್ಲ, ಪೆಡಲು. ಹಾಗಿದ್ದ ಮೇಲೆ ಈ ಹೊಸ ಪದ ಯಾರ ದುಡಿಮೆಯನ್ನು ತನ್ನ ಲೆಕ್ಕಕ್ಕೆ ಬರೆದುಕೊಳ್ಳುತ್ತಿದೆ?

ರೇಸ್ ಸವಾರ ಎಡ್ಡಿ ಮರ್ಕ್ಸ್ ಕಾಲದ ಫೋಟೋಗಳಲ್ಲಿ ಕಾಣುವುದು ಕಪ್ಪು ಚರ್ಮದ, ಸಾಲುಸಾಲು ತೂತಿನ, ಲೇಸು ಬಿಗಿದ ಶೂ. ಡೆಟ್ಟೊ ಪಿಯೆತ್ರೊದಂಥ ಇಟಲಿಯ ಹೆಸರುಗಳು ಆಗ ಸವಾರರ ಬಾಯಲ್ಲಿದ್ದವು. ಅಟ್ಟೆಗೆ ಕ್ಲೀಟನ್ನು, ಅಂದರೆ ಪೆಡಲಿಗೆ ಸಿಕ್ಕಿಕೊಳ್ಳುವ ತುಂಡನ್ನು, ಮೊಳೆ ಹೊಡೆದು ಕೂರಿಸುತ್ತಿದ್ದರು. ಪೆಡಲಿನ ಮುಂದೆ ಉಕ್ಕಿನ ಕ್ಲಿಪ್ಪು, ಅದರ ಸುತ್ತ ಒಂದು ಪಟ್ಟಿ. ಹೆಸರಾಂತ 'ಆಲ್ಫ್ರೆಡೊ ಬಿಂದಾ' ಪಟ್ಟಿಯೂ ಚರ್ಮದ್ದೇ. ಸವಾರ ಗುಡ್ಡ ಹತ್ತುವ ಮುಂಚೆ ಬಗ್ಗಿ ಆ ಪಟ್ಟಿಯನ್ನು ಎಳೆದು ಬಿಗಿದುಕೊಳ್ಳುತ್ತಿದ್ದ. ಅಂದರೆ ಪಾದವನ್ನು ಪೆಡಲಿಗೆ ಕಟ್ಟಿಹಾಕುತ್ತಿದ್ದದ್ದು ಹೊರಗಿನ ಪಟ್ಟಿ. ಶೂವಿನ ಮೇಲ್ಭಾಗ ಅದರಡಿಯ ಮೆತ್ತೆ ಮಾತ್ರ. ಚರ್ಮ ನೆನೆದು ಸಡಿಲವಾದರೆ ಪಟ್ಟಿಯನ್ನು ಇನ್ನೊಂದು ಎಳೆತ ಎಳೆದರಾಯಿತು.

1984ರಲ್ಲಿ ಫ್ರಾನ್ಸಿನ ಲುಕ್ ಕಂಪನಿ, ಸ್ಕೀಯಿಂಗ್ ಬೂಟನ್ನು ಹಿಡಿಯುವ ತನ್ನ ಹಳೆಯ ವಿದ್ಯೆಯನ್ನು ಪೆಡಲಿಗೆ ತಂದಿತು. ಮರುವರ್ಷ ಬರ್ನಾರ್ ಹಿನೋ ಅದೇ ಪೆಡಲ್ ತುಳಿದು ಟೂರ್ ಡಿ ಫ್ರಾನ್ಸ್ ಗೆದ್ದ. ಕ್ಲಿಪ್ಪೂ ಹೋಯಿತು, ಪಟ್ಟಿಯೂ ಹೋಯಿತು. ಈ ಬದಲಾವಣೆಯನ್ನು ಪೆಡಲಿನ ಚರಿತ್ರೆಯೆಂದು ಎಲ್ಲರೂ ಬರೆಯುತ್ತಾರೆ. ಶೂವಿನ ಮೇಲ್ಭಾಗದ ಚರಿತ್ರೆಯೆಂದು ಬರೆದವರು ಕಡಿಮೆ. ಅಟ್ಟೆಯನ್ನು ಪೆಡಲೇನೋ ಕಚ್ಚಿ ಹಿಡಿಯಿತು. ಆದರೆ ಅಟ್ಟೆಗೆ ಪಾದವನ್ನು ಹಿಡಿದಿಡುವವರು ಯಾರು? ಆ ಕೆಲಸ ಮೇಲ್ಭಾಗದ ಪಾಲಿಗೆ ಬಂತು. ನಿನ್ನೆಯವರೆಗೆ ಮೆತ್ತೆಯಾಗಿದ್ದದ್ದು ಇವತ್ತು ತಾನೇ ಪಟ್ಟಿಯಾಗಬೇಕಾಯಿತು. ಪಟ್ಟಿ ಹಿಗ್ಗಬಾರದು. ಚರ್ಮ ಹಿಗ್ಗುತ್ತದೆ, ಮಳೆಯಲ್ಲಂತೂ ಇನ್ನಷ್ಟು.

ಇಲ್ಲಿ ಒಂದು ಹಳೆಯ ಸೋಲಿನ ಕಥೆ ಹೇಳಬೇಕು. ಅಮೆರಿಕದ ಡುಪಾಂಟ್ ಕಂಪನಿ 1963ರಲ್ಲಿ 'ಕಾರ್ಫಾಮ್' ಎಂಬ ಕೃತಕ ಚರ್ಮವನ್ನು ಡಂಗುರ ಸಾರಿ ಹೊರತಂದಿತು. ನೀರಿಗೆ ಹೆದರದು, ಉಜ್ಜದೆಯೇ ಹೊಳೆಯುತ್ತದೆ, ಸವೆಯುವುದು ನಿಧಾನ. ಆದರೂ 1971ರಲ್ಲಿ ಡುಪಾಂಟ್ ಅಂಗಡಿ ಮುಚ್ಚಿತು. ಬೆಲೆ ಒಂದು ಕಾರಣ. ಇನ್ನೊಂದು ಕಾರಣವನ್ನು ಕೊಂಡವರ ಪಾದಗಳೇ ಹೇಳಿದವು. ಹೊಸ ಚರ್ಮದ ಶೂ ವಾರವೊಪ್ಪತ್ತು ಕಚ್ಚಿ ಆಮೇಲೆ ಕಾಲಿನ ಆಕಾರಕ್ಕೆ ಒಗ್ಗುತ್ತದೆ. ಕಾರ್ಫಾಮ್ ಒಗ್ಗಲೇ ಇಲ್ಲ. ರಾತ್ರಿ ಬಿಚ್ಚಿಟ್ಟರೆ ಬೆಳಗಾಗುವಷ್ಟರಲ್ಲಿ ಮತ್ತೆ ಅಂಗಡಿಯಲ್ಲಿದ್ದ ಆಕಾರಕ್ಕೆ ಮರಳುತ್ತಿತ್ತು, ಮತ್ತೆ ಕಚ್ಚುತ್ತಿತ್ತು. ಅಮೆರಿಕದ ಸೈನಿಕರ ಕವಾಯತಿನ ಹೊಳೆಯುವ ಶೂಗಳಿಗೆ ಆ ಹೆಸರು ಅಂಟಿಕೊಂಡು ಉಳಿದದ್ದು ಬಿಟ್ಟರೆ ಕಾರ್ಫಾಮ್ ವ್ಯಾಪಾರಶಾಸ್ತ್ರದ ಪಾಠಗಳಲ್ಲಿ ಎಚ್ಚರಿಕೆಯ ಉದಾಹರಣೆಯಾಯಿತು.

ನಡೆಯುವ ಶೂವನ್ನು ಕೊಂದ ಆ ಗುಣವನ್ನೇ ಪೆಡಲಿನ ಮೇಲಿಟ್ಟು ನೋಡಿ. ನಡೆಯುವಾಗ ಶೂ ಪ್ರತಿ ಹೆಜ್ಜೆಗೂ ಬೆರಳ ಬುಡದಲ್ಲಿ ಮಡಚುತ್ತದೆ, ಆದ್ದರಿಂದ ಒಗ್ಗುವುದು ಅಲ್ಲಿ ದೊಡ್ಡ ಗುಣ. ಸೈಕಲ್ ಶೂವಿನ ಅಟ್ಟೆ ನೈಲಾನಿನದೋ ಕಾರ್ಬನ್ನಿನದೋ, ಬಾಗದ ಹಲಗೆ. ಪಾದ ಅದರ ಮೇಲೆ ಮಡಚದೆ ಗಂಟೆಗೆ ಐದಾರು ಸಾವಿರ ಸುತ್ತು ತಿರುಗುತ್ತದೆ. ಇಲ್ಲಿ ಬೇಕಾದ್ದು ಕೊಂಡ ದಿನದ ಬಿಗಿ ಎರಡು ವರ್ಷದ ಮೇಲೂ, ಜಡಿಮಳೆಯಲ್ಲೂ ಹಾಗೇ ಇರುವುದು. ಕಾರ್ಫಾಮಿನ ಹಟಮಾರಿತನವೇ ಇಲ್ಲಿ ಸದ್ಗುಣ.

ಆ ಹಟವನ್ನು ಪಳಗಿಸಿದವರು ಜಪಾನಿನವರು. ಕುರಾರೆ ಕಂಪನಿಯ ಕ್ಲಾರಿನೊ 1960ರ ದಶಕದಲ್ಲೇ ಇತ್ತು. 1970ರಲ್ಲಿ ತೋರೆ ಕಂಪನಿಯ ಮಿಯೋಶಿ ಒಕಾಮೊಟೊ ಕೂದಲಿಗಿಂತ ಎಷ್ಟೋ ಪಟ್ಟು ತೆಳುವಾದ ಎಳೆಗಳನ್ನು ಮಾಡುವ ದಾರಿ ಕಂಡುಕೊಂಡ. ಆ ಬಗೆಯ ಕೆಲಸದ ಕ್ರಮ ಹೀಗೆ: ಎರಡು ಬಗೆಯ ಪಾಲಿಮರನ್ನು ಒಂದೇ ಎಳೆಯಾಗಿ ತೆಗೆದು, ಆ ಎಳೆಗಳನ್ನು ಸೂಜಿಗಳಿಂದ ಚುಚ್ಚಿಚುಚ್ಚಿ ಕಂಬಳಿಯಂತೆ ಗೋಜಲಾಗಿಸಿ ಪಾಲಿಯುರೆಥೇನ್ ಕುಡಿಸುತ್ತಾರೆ. ಎರಡರಲ್ಲಿ ಒಂದು ಪಾಲಿಮರನ್ನು ಕರಗಿಸಿಬಿಟ್ಟರೆ ಇನ್ನೊಂದರ ಸೂಕ್ಷ್ಮ ಎಳೆಗಳು ಉಳಿಯುತ್ತವೆ. ಸಿಗುವುದು ಚರ್ಮದೊಳಗಿನ ನಾರಿನ ಹೆಣಿಗೆಯನ್ನೇ ಹೋಲುವ ಬಟ್ಟೆ. ನಮ್ಮ ಬಸ್ ಸೀಟಿನ ರೆಕ್ಸಿನ್ನಿಗೂ ಇದಕ್ಕೂ ಸಂಬಂಧ ದೂರದ್ದು. ರೆಕ್ಸಿನ್ ಎಂದರೆ ಬಟ್ಟೆಯ ಮೇಲೆ ಬಳಿದ ಪದರ, ಬಿರುಕು ಬಿಟ್ಟು ಸಿಪ್ಪೆ ಏಳುವಂಥದ್ದು. ಡಿನೊ ಸಿನ್ಯೋರಿ 1960ರಲ್ಲಿ ತನ್ನ ಹೆಸರಿನ ಮೊದಲಕ್ಷರಗಳಿಂದ ಕಟ್ಟಿದ ಸಿಡಿ ಕಂಪನಿ 'ಲೊರಿಕಾ' ಎಂಬ ಮೈಕ್ರೋಫೈಬರನ್ನು ಒಗ್ಗಿಸಿಕೊಂಡಿತು. ಲೊರಿಕಾ ಎಂದರೆ ಲ್ಯಾಟಿನ್ನಿನಲ್ಲಿ ಎದೆಗವಚ. ಆ ಶೂಗಳ ಹೊಗಳಿಕೆಯಲ್ಲಿ ಆಕಳ ಮಾತೇ ಇರಲಿಲ್ಲ. ಇದ್ದದ್ದು ನೀರು, ತೂಕ, ಬಿಗಿ. ಆದರೂ ರೇಸಿನ ಸವಾರರ ಕಾಲಿನಿಂದ ಚರ್ಮವನ್ನು ಇಳಿಸಿದ್ದು ಇಂಥ ಶೂಗಳೇ. ಇವತ್ತಿನ ಹಸಿರೆಲೆ ಗುರುತಿನ 'ವೀಗನ್' ಶೂಗಳಿಗೆ ಸಿಗುತ್ತಿರುವ ಚಪ್ಪಾಳೆಯಲ್ಲಿ ಅರ್ಧವಾದರೂ ಅವಕ್ಕೆ ಸಲ್ಲಬೇಕಿತ್ತು.

ಇಷ್ಟಾದ ಮೇಲೂ ಶೂ ವಿಮರ್ಶಕರ ಒಂದು ಬಳಗ ಚರ್ಮದ ಧ್ಯಾನ ಬಿಟ್ಟಿಲ್ಲ. 'ಪಾದಕ್ಕೆ ಎರಡನೇ ಚರ್ಮದಂತೆ' ಎಂಬ ಮಾತು ಅವರ ಲೇಖನಿಯಿಂದ ತಾನಾಗಿ ಉದುರುತ್ತದೆ. 2010ರ ಆಸುಪಾಸಿನಲ್ಲಿ ಫಿಜಿಕ್ ಕಂಪನಿ ತನ್ನ ಅತಿ ದುಬಾರಿ ಆರ್1 ಶೂವಿಗೆ ಕಾಂಗರೂ ಚರ್ಮ ಹಾಕಿದಾಗ ಆದದ್ದೂ ಇದೇ. ಲೇಕ್ ಕಂಪನಿಯ ಮೇಲ್ದರ್ಜೆಯ ಶೂಗಳಲ್ಲೂ ಕಾಂಗರೂ. ರಾಫಾ ತನ್ನ ಗ್ರ್ಯಾಂಡ್ ಟೂರ್ ಶೂವಿಗೆ ಯಾಕ್ ಚರ್ಮವನ್ನೇ ಆರಿಸಿತು. ಕಾಂಗರೂ ಚರ್ಮ ತೆಳುವಾದರೂ ಗಟ್ಟಿ ಎಂಬುದು ಸುಳ್ಳಲ್ಲ. ಆದರೆ ಅದು ಕೊಟ್ಟಿಗೆಯ ಪ್ರಾಣಿಯದಲ್ಲ. ಪರವಾನಗಿ ಪಡೆದವರು ಆಸ್ಟ್ರೇಲಿಯದ ಬಯಲಲ್ಲಿ ರಾತ್ರಿ ಗುಂಡಿಟ್ಟು ಹೊಡೆದ ಕಾಡುಪ್ರಾಣಿಯದು. ಕ್ಯಾಲಿಫೋರ್ನಿಯದಲ್ಲಿ ಅದನ್ನು ಮಾರುವುದೇ ಅಪರಾಧ. ಫುಟ್‌ಬಾಲ್ ಬೂಟಿನ ಲೋಕದಲ್ಲಿ ನೈಕಿ ಮತ್ತು ಪ್ಯೂಮಾ 2023ರಲ್ಲಿ ಕಾಂಗರೂವನ್ನು ಕೈಬಿಡುವುದಾಗಿ ಸಾರಿದವು. ಅಲ್ಲಿ ಚೆಂಡಿನ ಸ್ಪರ್ಶದ ನೆಪವಾದರೂ ಇತ್ತು. ಒದೆಯಲು ಚೆಂಡಿಲ್ಲದ, ಮಡಚಲು ಅಟ್ಟೆಯಿಲ್ಲದ ಸೈಕಲ್ ಶೂವಿಗೆ ಕಾಂಗರೂ ಏಕೆ ಬೇಕಾಯಿತು ಎಂದು ಆ ಬಳಗ ಕೇಳಲಿಲ್ಲ.

ಬೆಲೆಗೊಂದು ಕಥೆ ಬೇಕಿತ್ತು, ಅಷ್ಟೆ. ಫಿಜಿಕ್ ಇರುವ ಸೆಲ್ಲೆ ರಾಯಲ್ ಗುಂಪಿನಲ್ಲೇ ಬ್ರೂಕ್ಸ್ ಕೂಡ ಇದೆ. ಚರ್ಮದ ಸೀಟಿಗೆ ನೂರು ವರ್ಷ ಮೀರಿ ಹೆಸರಾದ ಆ ಬ್ರೂಕ್ಸ್ 2013ರಲ್ಲಿ ರಬ್ಬರು ಮತ್ತು ಹತ್ತಿ ಕ್ಯಾನ್ವಾಸಿನ ಕೇಂಬಿಯಂ ಸೀಟು ತಂದಿತು. ಒಂದೇ ಮನೆಯ ಒಂದು ಕೋಣೆಯಲ್ಲಿ ಕಾಂಗರೂ, ಪಕ್ಕದ ಕೋಣೆಯಲ್ಲಿ ಹತ್ತಿ.

ಇನ್ನು ನಿಜವಾಗಿಯೂ ಪ್ರಾಣಿಜನ್ಯ ವಸ್ತು ಬೇಡವೆನ್ನುವ ಸವಾರನ ಪಾಡು. ಬಿಸ್ಕತ್ತಿನ ಪೊಟ್ಟಣದ ಮೇಲೆ ಹಸಿರು ಚುಕ್ಕೆ ನೋಡಿ ಬೆಳೆದವರು ನಾವು. ಆಹಾರಕ್ಕಾದರೆ 2022ರಿಂದ ವೀಗನ್ ಗುರುತಿನ ನಿಯಮವೂ ಇದೆ. ಶೂವಿಗೆ ಚುಕ್ಕೆಯಿಲ್ಲ. ಇರುವ ಗುರುತೆಂದರೆ ಯೂರೋಪಿನ 1994ರ ನಿರ್ದೇಶನದಿಂದ ಬಂದ ಪುಟ್ಟ ಚೀಟಿ. ಆಮದಾದ ಶೂಗಳ ನಾಲಗೆಯ ಹಿಂದೆ ಅಥವಾ ಅಟ್ಟೆಯ ಮೇಲೆ ಅದು ಕಾಣುತ್ತದೆ. ಹರಡಿದ ತೊಗಲಿನ ಚಿತ್ರವಿದ್ದರೆ ಚರ್ಮ, ಬಲೆಯ ಚಿತ್ರವಿದ್ದರೆ ಬಟ್ಟೆ, ವಜ್ರದಾಕಾರವಿದ್ದರೆ 'ಇತರ ವಸ್ತು'. ವಜ್ರ ಕಂಡೊಡನೆ ಸಮಾಧಾನದ ಉಸಿರು ಬಿಡುವವರು ತುಸು ತಡೆಯಬೇಕು.

ಆ ನಿಯಮದ ಒಕ್ಕಣೆ ಓದುತ್ತ ಹೋದಂತೆ ವಜ್ರ ಮಸುಕಾಗುತ್ತದೆ. ಮೇಲ್ಭಾಗದ ಹೊರಮೈಯಲ್ಲಿ ಶೇ. 80ಕ್ಕೆ ಕಡಿಮೆಯಿಲ್ಲದಂತೆ ಯಾವ ವಸ್ತುವಿದೆಯೋ ಅದರ ಚಿತ್ರ ಹಾಕಿದರೆ ಸಾಕು. ಉಳಿದ 20ರಲ್ಲಿ ಏನಿದೆಯೆಂದು ಹೇಳಬೇಕಿಲ್ಲ. ಅದಾದರೂ ಅಳತೆಗೆ ಸಿಕ್ಕ ಭಾಗ. ಅಳತೆಗೇ ಬಾರದ ಭಾಗಗಳ ಪಟ್ಟಿ ಬೇರೆ ಇದೆ: ಅಂಚುಪಟ್ಟಿ, ಅಲಂಕಾರ, ಬಕಲು, ಲೇಸಿನ ತೂತುಗಳ ಬದಿಯ ಬಿಗಿಪಟ್ಟಿ, ಹರಡಿನ ಬಳಿಯ ತೇಪೆ. ಇವನ್ನು 'ಜೋಡಣೆ, ಬಲವರ್ಧನೆ' ಎಂದು ಕರೆದು ಲೆಕ್ಕದಿಂದಲೇ ಕೈಬಿಡಲಾಗಿದೆ. ಸೈಕಲ್ ಶೂವಿನಲ್ಲಿ ಚರ್ಮ ಇನ್ನೂ ಸುಳಿದಾಡುವ ಜಾಗಗಳು ಹೆಚ್ಚುಕಡಿಮೆ ಇವೇ. ಅಂಟಿನ ಸುದ್ದಿಯನ್ನು ನಿಯಮ ಎತ್ತುವುದೇ ಇಲ್ಲ. ಇವತ್ತು ಕಾರ್ಖಾನೆಗಳಲ್ಲಿ ಬಳಕೆಯಲ್ಲಿರುವುದು ಬಹುಮಟ್ಟಿಗೆ ಪಾಲಿಯುರೆಥೇನ್, ನಿಯೊಪ್ರೀನ್ ಅಂಟು; ಮೂಳೆಯನ್ನೋ ತೊಗಲನ್ನೋ ಬೇಯಿಸಿ ತೆಗೆಯುತ್ತಿದ್ದ ಅಂಟು ಹಳೆಯ ಕಾಲಕ್ಕೆ ಸೇರಿದ್ದು. ಹಾಗಿದ್ದರೂ ಚೀಟಿ ಹೇಳದ್ದನ್ನು ಚೀಟಿ ಹೇಳಿತೆನ್ನುವಂತಿಲ್ಲ.

ಚೀಟಿಯಲ್ಲಿ ಇನ್ನೊಂದು ಚಿತ್ರವಿದೆ, ತೊಗಲಿನೊಳಗೆ ಒಂದು ವಜ್ರ. ಅದು 'ಲೇಪಿತ ಚರ್ಮ'. ಮೇಲಿನ ಲೇಪ 0.15 ಮಿಲಿಮೀಟರಿಗಿಂತ ದಪ್ಪವಿದ್ದು, ಒಟ್ಟು ದಪ್ಪದ ಮೂರರಲ್ಲೊಂದು ಭಾಗ ಮೀರದಿದ್ದರೆ ಈ ಹೆಸರು. ಕಣ್ಣಿಗೆ ಪ್ಲಾಸ್ಟಿಕ್, ಬೆರಳಿಗೂ ಪ್ಲಾಸ್ಟಿಕ್, ಒಳಗೆ ಚರ್ಮ. ಮುಟ್ಟಿ ನೋಡಿ ತೀರ್ಮಾನಿಸುವ ಹಳೆಯ ಜಾಣತನ ಇದರ ಮುಂದೆ ನಡೆಯದು. 'ಲೆದರ್ ಅಲ್ಲ ಸಾರ್, ಸಿಂಥೆಟಿಕ್' ಎನ್ನುವ ಅಂಗಡಿಯ ಹುಡುಗನ ಮಾತೂ ಅಷ್ಟೇ. ಯೂರೋಪಿನ ನಿಯಮ ಬರೆದವರನ್ನು ಇದಕ್ಕಾಗಿ ಬೈಯಬೇಕಿಲ್ಲ. ಅವರ ಗಮನವಿದ್ದದ್ದು ಚರ್ಮವೆಂದು ನಂಬಿ ಪ್ಲಾಸ್ಟಿಕ್ ಕೊಂಡು ಮೋಸಹೋಗುವವರ ಮೇಲೆ. ಚರ್ಮ ಬೇಡವೆನ್ನುವವರು ಅವರ ಕಣ್ಣಿಗೆ ಬಿದ್ದಿರಲಿಲ್ಲ. ಬೈಯಬೇಕಾದ್ದು 'ವೀಗನ್' ಎಂದು ದೊಡ್ಡಕ್ಷರದಲ್ಲಿ ಅಚ್ಚುಮಾಡಿ, ಹಿಮ್ಮಡಿಯ ಒಳಪಟ್ಟಿ ಯಾವುದರದು, ಇನ್‌ಸೋಲ್ ಯಾವುದರದು, ಅಂಟು ಯಾವುದು ಎಂಬ ಮೂರು ಸಾಲು ಬರೆಯಲು ಸೋಮಾರಿಯಾಗುವ ತಯಾರಕರನ್ನು. ಬರಿಯ ಪದ ಕಂಡೇ ಮೆಚ್ಚುವ ವಿಮರ್ಶಕರಿಗೂ ಅದರಲ್ಲಿ ಪಾಲಿದೆ.

'ಪ್ಲಾಸ್ಟಿಕ್‌ಗಿಂತ ಚರ್ಮ ಸಹಜವಲ್ಲವೇ' ಎಂಬ ಇನ್ನೊಂದು ಬಳಗದ ವಾದಕ್ಕೆ ಉತ್ತರ ಬೆಂಗಳೂರಿನ ಸವಾರರ ಕಾಲಡಿಯಲ್ಲೇ ಇದೆ. ಭಾನುವಾರ ನಸುಕಿನಲ್ಲಿ ಅವರು ಏದುಸಿರು ಬಿಡುತ್ತ ಹತ್ತುವ ನಂದಿಬೆಟ್ಟ ಪಾಲಾರ್ ನದಿಯ ಹುಟ್ಟೂರು. ಅದೇ ಪಾಲಾರ್ ಕೋಲಾರ ದಾಟಿ ತಮಿಳುನಾಡಿಗಿಳಿದರೆ ವಾಣಿಯಂಬಾಡಿ, ಆಂಬೂರು, ರಾಣಿಪೇಟೆಗಳ ಟ್ಯಾನರಿ ಸಾಲು. ಟ್ಯಾನರಿಯ ನೀರು ಆ ನದಿಗೂ ಸುತ್ತಲಿನ ಹೊಲಗಳಿಗೂ ಮಾಡಿದ್ದನ್ನು 1996ರ ವೆಲ್ಲೂರು ನಾಗರಿಕರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ವಿವರವಾಗಿ ಬರೆದಿದೆ. ಲೋಕದ ಹೆಚ್ಚಿನ ಚರ್ಮ ಹದಗೊಳ್ಳುವುದು ಕ್ರೋಮಿಯಂ ಲವಣದಲ್ಲಿ. ತಂಗಡಿ ಚಕ್ಕೆಯಲ್ಲಿ ಅಲ್ಲ. ಸಹಜ ಎಂಬ ಪದ ಅಲ್ಲಿ ನಿಲ್ಲುವುದಿಲ್ಲ.

ಹಾಗೆಂದು ಮೈಕ್ರೋಫೈಬರ್ ಸಂತನೇನಲ್ಲ. ಅದು ಪೆಟ್ರೋಲಿಯಂ ಮಗು, ಮಣ್ಣಲ್ಲಿ ಕರಗದು. ತೇವಕ್ಕೆ ಕೆಲವು ಬಗೆಯ ಪಾಲಿಯುರೆಥೇನ್ ಒಳಗಿಂದಲೇ ಕುಸಿಯುತ್ತದೆ; ಕರಾವಳಿಯ ಮನೆಗಳಲ್ಲಿ ಎರಡು ಮಳೆಗಾಲ ಮೂಲೆಯಲ್ಲಿದ್ದ ಶೂವಿನ ಅಟ್ಟೆ ಮುಟ್ಟಿದರೆ ರವೆಯಂತೆ ಉದುರುವುದು ಅದೇ ಕಾರಣಕ್ಕೆ. ಮಲೆನಾಡಿನ ಆಷಾಢದಲ್ಲಿ ಚರ್ಮಕ್ಕೆ ಬರುವ ಬೂಸ್ಟನ್ನಾದರೂ ಒರೆಸಬಹುದು, ಇದನ್ನು ಒರೆಸಲಾಗದು.

ಚರ್ಮ ಬೇಡವೆನ್ನುವುದಕ್ಕೆ ನಮ್ಮಲ್ಲಿ ಇನ್ನೊಂದು ವಾಸನೆಯೂ ಉಂಟು. ದೇವಸ್ಥಾನದ ಬಾಗಿಲಲ್ಲಿ ಬೆಲ್ಟು ಬಿಚ್ಚಿಸುವ ಮಡಿಗೆ ಆಕಳ ನೋವಿಗಿಂತ ಅದರ ತೊಗಲು ಸುಲಿದವರ ನೆರಳಿನ ಚಿಂತೆಯೇ ದೊಡ್ಡದು. ಸಮಗಾರ ಶರಣ ಹರಳಯ್ಯನ ಪಾದರಕ್ಷೆಯ ಕಥೆಯನ್ನು ಎದೆಗಪ್ಪಿಕೊಂಡ ನಾಡಿನಲ್ಲಿ ಮಡಿಯನ್ನೂ ಕರುಣೆಯನ್ನೂ ಒಂದೇ ಚೀಲಕ್ಕೆ ತುಂಬಿ 'ನಮ್ಮ ಪರಂಪರೆ ಮೊದಲಿಂದಲೂ ವೀಗನ್ನೇ' ಎಂದು ಬೀಗುವ ಬರಹಗಳು ಓದುಗರ ತಾಳ್ಮೆ ಪರೀಕ್ಷಿಸುತ್ತವೆ. ಹಾಲಿನವರು, ಪೇಪರಿನ ಹುಡುಗರು ಹವಾಯಿ ಚಪ್ಪಲಿಯಲ್ಲಿ ಸೈಕಲ್ ತುಳಿಯುತ್ತ ಬಂದದ್ದು ದಶಕಗಳಿಂದ. ರಬ್ಬರಿನ ಅಟ್ಟೆ, ರಬ್ಬರಿನ ಪಟ್ಟಿ, ಪ್ರಾಣಿಯ ಸುಳಿವಿಲ್ಲ. ಅವರ ಕಾಲಿಗೆ ಯಾರೂ ಹಸಿರೆಲೆ ಅಂಟಿಸಲಿಲ್ಲ.

ಕೊಳ್ಳುವವರಿಗೆ ಉಳಿಯುವ ಆಯ್ಕೆ ದೊಡ್ಡದೇ. ಶಿಮಾನೊ ಕಂಪನಿಯ ಕ್ಲೀಟ್ ಹಾಕಬಹುದಾದ ಸ್ಯಾಂಡಲ್ಲನ್ನು ದೂರದ ಸವಾರಿಯವರು ಮಳೆಗಾಲದಲ್ಲಿ ಬಿಡಲೊಲ್ಲರು. ಡಿಎಂಟಿ ಕಂಪನಿ ಕಾಲುಚೀಲದಂತೆ ಹೆಣೆದ ಶೂ ತೊಟ್ಟು ತದೇಯ್ ಪೊಗಾಚರ್ ಟೂರ್ ಗೆದ್ದಿದ್ದಾನೆ. ಹೆಣಿಗೆ ಹಿಗ್ಗುವುದಿಲ್ಲವೇ ಎಂದು ಕೇಳಿದರೆ, ಎಳೆತ ಬೀಳುವ ಕಡೆಗಳಲ್ಲಿ ಅದನ್ನು ಬಿಗಿಗೊಳಿಸಿರುತ್ತಾರೆ. ಮೇಲ್ಭಾಗವೇ ಪಟ್ಟಿಯಾಗಬೇಕೆಂಬ 1984ರ ಕರಾರು ಅಲ್ಲೂ ಜಾರಿಯಲ್ಲಿದೆ. ಎಲ್ಲಕ್ಕಿಂತ ಕುತೂಹಲದ್ದು ಜೀರೊ ಕಂಪನಿಯ 'ಎಂಪೈರ್'. ರಾಫಾದ ಯಾಕ್ ಚರ್ಮದ ಶೂವಿಗೆ ಕೈಜೋಡಿಸಿದ್ದೂ ಇದೇ ಜೀರೊ. ಅದರ ಆಸುಪಾಸಿನ ವರ್ಷಗಳಲ್ಲೇ, ಡಯಲು ಬಕಲುಗಳನ್ನೆಲ್ಲ ಕಿತ್ತೆಸೆದು, ಮರ್ಕ್ಸ್ ಕಾಲದಂತೆ ಲೇಸು ಹಾಕಿ ಅದು ಎಂಪೈರನ್ನು ತಂದಿತು. ಮೇಲ್ಭಾಗ ಅಪ್ಪಟ ಮೈಕ್ರೋಫೈಬರ್. ಹಳೆಯ ಚರ್ಮದ ಶೂವಿನಲ್ಲಿದ್ದ ಸಾಲುಸಾಲು ತೂತುಗಳೂ ಅದರ ಮೈಮೇಲೆ ಹಾಗೇ ಇವೆ.