ದಂಡೆ ಕಳೆದುಕೊಂಡ ಕೆರೆಗಳು

ಬೆಂಗಳೂರಿನಲ್ಲಿ ಕೆರೆ ಅಭಿವೃದ್ಧಿ ಎಂದರೆ ಈಗ ಹೆಚ್ಚುಕಡಿಮೆ ಒಂದೇ ನಮೂನೆಯ ಕೆಲಸ. ನೀರು ಬಸಿದು ಹೂಳೆತ್ತುತ್ತಾರೆ. ಎತ್ತಿದ ಮಣ್ಣನ್ನು ನಾಲ್ಕೂ ಕಡೆ ಪೇರಿಸಿ ದಿಬ್ಬ ಕಟ್ಟುತ್ತಾರೆ, ಅದರ ಒಳಮೈಗೆ ಕಲ್ಲು ಹೊದಿಸುತ್ತಾರೆ. ದಿಬ್ಬದ ಮೇಲೆ ನಡಿಗೆಪಥ, ಅದರಾಚೆ ತಂತಿಬೇಲಿ, ಗೇಟು, ದೀಪ, ಬೆಂಚು. ಒಂದು ಮೂಲೆಯಲ್ಲಿ ಗಣೇಶ ವಿಸರ್ಜನೆಗೆ ಕಲ್ಯಾಣಿ. ಹರಿದು ಬರುವ ಕೊಳಚೆಗೆ ಕೆರೆಯ ಪಕ್ಕದಲ್ಲೇ ಕಾಲುವೆ ತೋಡಿ ಕೋಡಿಯ ಕೆಳಗೆ ದಾಟಿಸುತ್ತಾರೆ. ಉದ್ಘಾಟನೆಯ ದಿನ ಕೆರೆ ನಿಜಕ್ಕೂ ಚೆನ್ನಾಗಿ ಕಾಣುತ್ತದೆ.

ಈ ಕೆಲಸದ ಹಿಂದೆ ಸದುದ್ದೇಶ ಇಲ್ಲವೆಂದು ಹೇಳಲಾರೆ. ಧರ್ಮಾಂಬುಧಿ ಕೆರೆಯ ಅಂಗಳ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು. ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣ ಎದ್ದಿತು. ಬೇಲಿ ಹಾಕದೆ ಹೋಗಿದ್ದರೆ ಇನ್ನೂ ಹಲವು ಕೆರೆಗಳು ಇಷ್ಟರಲ್ಲಿ ಬಡಾವಣೆಗಳಾಗಿರುತ್ತಿದ್ದವು. ಒತ್ತುವರಿ ತಡೆದದ್ದಕ್ಕೆ ಈ ಪದ್ಧತಿಗೆ ಅಂಕ ಕೊಡಲೇಬೇಕು. ಆದರೆ ಕೆರೆಯನ್ನು ಉಳಿಸುವ ವಿಧಾನವಾಗಿ ಇದು ಸೋತಿದೆ. ಜಾಗ ಉಳಿದಿದೆ, ಕೆರೆ ಉಳಿದಿಲ್ಲ.

ಯಾಕೆಂದು ತಿಳಿಯಲು ಕೆರೆ ಕಟ್ಟಿದವರ ಲೆಕ್ಕಾಚಾರವನ್ನು ನೋಡಬೇಕು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ, ದಿಣ್ಣೆಯ ನೆತ್ತಿಯ ಮೇಲೆ ಕೂತ ಊರು ಇದು. ವರ್ಷಪೂರ್ತಿ ಹರಿಯುವ ನದಿ ಇಲ್ಲಿಲ್ಲ. ಬಿದ್ದ ಮಳೆ ಒಂದು ಕಡೆ ವೃಷಭಾವತಿ, ಅರ್ಕಾವತಿಗಳ ಮೂಲಕ ಕಾವೇರಿಗೂ, ಇನ್ನೊಂದು ಕಡೆ ದಕ್ಷಿಣ ಪಿನಾಕಿನಿಗೂ ಇಳಿದುಹೋಗುತ್ತದೆ. ಹೀಗೆ ಇಳಿಯುವ ನೀರನ್ನು ಹಿಡಿಯಲು ಕಣಿವೆಗೆ ಅಡ್ಡಲಾಗಿ ಒಂದು ಕಡೆ ಮಾತ್ರ ಏರಿ ಹಾಕಿದರು. ಉಳಿದ ಮೂರು ಕಡೆ ನೆಲ ತಾನಾಗಿಯೇ ನೀರಿನೊಳಕ್ಕೆ ಇಳಿಯುತ್ತಿತ್ತು. ಮೇಲಿನ ಕೆರೆ ಕೋಡಿ ಬಿದ್ದರೆ ರಾಜಕಾಲುವೆ ಹಿಡಿದು ನೀರು ಕೆಳಗಿನ ಕೆರೆಗೆ ಹೋಗುತ್ತಿತ್ತು. ಏರಿಯ ಹತ್ತಿರ ಆಳ, ಎದುರು ದಂಡೆಯಲ್ಲಿ ಮೊಣಕಾಲು ಮುಳುಗದಷ್ಟು ನೀರು. ಒಳ್ಳೆಯ ಕೆರೆಯ ಆಕಾರ ಅಂಥದ್ದು.

ಆ ಮೊಣಕಾಲುದ್ದದ ನೀರೇ ಕೆರೆಯ ಜೀವ. ಮಳೆನೀರಿನ ಜೊತೆ ಬಂದ ಮಣ್ಣು ಮೊದಲು ತಂಗುವುದು ಅಲ್ಲಿ. ಜೊಂಡು, ಆಪು ಬೆಳೆಯುವುದು ಅಲ್ಲಿ. ನೀರಿನಲ್ಲಿ ಕರಗಿ ಬಂದ ಸಾರಜನಕ, ರಂಜಕಗಳನ್ನು ಆ ಗಿಡಗಳೂ ಅವುಗಳ ಬೇರಿಗಂಟಿದ ಸೂಕ್ಷ್ಮಜೀವಿಗಳೂ ಹೀರಿಕೊಳ್ಳುತ್ತವೆ. ಮೀನು ಮೊಟ್ಟೆಯಿಡಲು ಬರುವುದೂ ಗೊರವ, ಮೆಟ್ಟುಗಾಲು ಹಕ್ಕಿಗಳು ಕೆಸರಿನಲ್ಲಿ ಹುಳು ಹುಡುಕುವುದೂ ಅಲ್ಲೇ. ಅಭಿವೃದ್ಧಿಯ ಹೆಸರಿನಲ್ಲಿ ಜೆಸಿಬಿ ಮೊದಲು ಕೆರೆದು ಹಾಕುವುದು ಈ ಜಾಗವನ್ನೇ. ತಟ್ಟೆಯಂತಿದ್ದ ಕೆರೆ ಬಟ್ಟಲಾಗುತ್ತದೆ. ಅಂಚಿನಲ್ಲೇ ಆಳ ಶುರುವಾದ ಮೇಲೆ ಜೊಂಡು ಎಲ್ಲಿ ಬೇರೂರಬೇಕು? ಕಾಲು ಚಿಕ್ಕದಾದ ಹಕ್ಕಿ ಎಲ್ಲಿ ನಿಲ್ಲಬೇಕು?

ನಾಲ್ಕೂ ಕಡೆ ಎದ್ದ ದಿಬ್ಬ ಇನ್ನೊಂದು ಹಾನಿ ಮಾಡುತ್ತದೆ. ಸುತ್ತಲಿನ ನೆಲದ ಮೇಲೆ ಹರಡಿಕೊಂಡು ಬರುತ್ತಿದ್ದ ಮಳೆನೀರಿಗೆ ಅದು ಗೋಡೆ. ಇನ್ನು ಕೆರೆಗೆ ನೀರು ಬರಬೇಕಾದದ್ದು ರಾಜಕಾಲುವೆಯಿಂದ ಮಾತ್ರ, ಅದರಲ್ಲಿ ಹರಿಯುವುದು ಕೊಳಚೆ. ಒಳಗೆ ಬಿಟ್ಟರೆ ಕೆರೆ ನಾರುತ್ತದೆ, ಪಕ್ಕಕ್ಕೆ ತಿರುಗಿಸಿದರೆ ಬೇಸಿಗೆಯಲ್ಲಿ ಒಣಗುತ್ತದೆ. ಎಷ್ಟೋ ಕೆರೆಗಳ ಉಸ್ತುವಾರಿ ಇವೆರಡರ ನಡುವೆಯೇ ಸಿಕ್ಕಿಕೊಂಡಿದೆ.

ತಿರುಗಿಸಿದ ಕೊಳಚೆ ಎಲ್ಲಿಗೆ ಹೋಗುತ್ತದೆ? ಮುಂದಿನ ಕೆರೆಗೆ. ಅಲ್ಲಿಯೂ ಅಭಿವೃದ್ಧಿ ನಡೆದಿದ್ದರೆ ಅದರಾಚೆಯ ಕೆರೆಗೆ. ಕೋರಮಂಗಲ–ಚಲ್ಲಘಟ್ಟ ಕಣಿವೆಯಲ್ಲಿ ಹೀಗೆ ದಾಟಿ ಬಂದದ್ದೆಲ್ಲ ಬೆಳ್ಳಂದೂರಿಗೆ ಸೇರಿತು. ಸುಮಾರು 900 ಎಕರೆಯ ಆ ಕೆರೆಯಿಂದ 2015ರಲ್ಲಿ ನೊರೆ ಎದ್ದು ರಸ್ತೆಗೆ ಹಾರಿದ್ದನ್ನು ದೇಶವೇ ನೋಡಿತು. ಬಟ್ಟೆ, ಪಾತ್ರೆ ತೊಳೆದ ಸೋಪಿನ ನೀರು ಕೋಡಿಯಲ್ಲಿ ಧುಮುಕುವಾಗ ಗಾಳಿ ತುಂಬಿಕೊಂಡು ಉಬ್ಬಿದ ನೊರೆ ಅದು. 2017ರ ಫೆಬ್ರುವರಿಯಲ್ಲಿ ಕೆರೆಗೆ ಬೆಂಕಿ ಬಿತ್ತು, 2018ರ ಜನವರಿಯಲ್ಲಿ ಮತ್ತೆ ಬಿತ್ತು. ಸುರಿದ ಕಸ, ಒಣಗಿದ ಕಳೆ, ಕೊಳೆತ ತಳದಿಂದೇಳುವ ಮೀಥೇನ್ ಇದ್ದಲ್ಲಿ ಒಂದು ಕಿಡಿ ಸಾಕು. ಬೆಳ್ಳಂದೂರಿನ ನೀರು ವರ್ತೂರಿಗೆ, ವರ್ತೂರಿನದು ದಕ್ಷಿಣ ಪಿನಾಕಿನಿಗೆ. ಹೊಸೂರಿನ ಬಳಿಯ ಕೆಲವರಪಳ್ಳಿ ಜಲಾಶಯದಲ್ಲೂ ನೊರೆ ಏಳುತ್ತದೆ, ಅಲ್ಲಿನ ರೈತರು ಅದೇ ನೀರು ಹಾಯಿಸುತ್ತಾರೆ. ಒಂದು ಬಡಾವಣೆಯ ಕೆರೆ ಚೊಕ್ಕಟವಾಗಿದೆ ಎಂದು ಹೊಗಳುವ ಮುನ್ನ ಅದರ ಕೊಳಕನ್ನು ಹೊತ್ತವರು ಯಾರೆಂದು ನೋಡುವುದು ನ್ಯಾಯ. ಕೆರೆಗಳು ಸರಪಳಿಯಾಗಿರುವಾಗ ಬಿಡಿ ಕೆರೆಯ ಯಶಸ್ಸು ಎಂಬುದೇ ಇರಲಾರದು.

ಬೇರೆ ದಾರಿ ಇಲ್ಲವೆನ್ನುವವರು ಜಕ್ಕೂರು ಕೆರೆಗೆ ಹೋಗಿಬರಬೇಕು. ಅದರ ಮೇಲ್ಭಾಗದಲ್ಲಿ ದಿನಕ್ಕೆ 1 ಕೋಟಿ ಲೀಟರ್ ಕೊಳಚೆ ಶುದ್ಧಮಾಡುವ ಸಾಮರ್ಥ್ಯದೊಂದಿಗೆ ಆರಂಭವಾದ ಘಟಕವಿದೆ. ಅಲ್ಲಿಂದ ಹೊರಬಂದ ನೀರು ನೇರವಾಗಿ ಕೆರೆಗೆ ಬೀಳುವುದಿಲ್ಲ, ಮೊದಲು ಜೊಂಡು ಬೆಳೆದ ಜೌಗಿನಲ್ಲಿ ನಿಧಾನವಾಗಿ ಹಾಯುತ್ತದೆ. ಯಂತ್ರ ಅರ್ಧ ಮಾಡಿದ ಕೆಲಸವನ್ನು ಗಿಡ ಮುಂದುವರಿಸುತ್ತದೆ. ಬೇಸಿಗೆಯಲ್ಲೂ ಕೆರೆಯಲ್ಲಿ ನೀರಿರುತ್ತದೆ, ಸುತ್ತಲಿನ ಬಾವಿಗಳಿಗೆ ಒರತೆ ಸಿಗುತ್ತದೆ, ಮೀನುಗಾರಿಕೆ ನಡೆಯುತ್ತದೆ. ತೊಂದರೆಗಳೇ ಇಲ್ಲವೆಂದಲ್ಲ: ಜೊಂಡನ್ನು ಕಾಲಕಾಲಕ್ಕೆ ಕೊಯ್ಯದಿದ್ದರೆ ಅದೇ ಕೊಳೆತು ಹೀರಿದ್ದನ್ನೆಲ್ಲ ನೀರಿಗೆ ವಾಪಸು ಬಿಡುತ್ತದೆ, ಶುದ್ಧವಾಗದ ಕೊಳಚೆ ನುಸುಳಿದ ದಿನ ಮೀನಿಗೆ ಕುತ್ತು. ಆದರೂ ಈ ಮಾದರಿಯ ತರ್ಕ ಸರಿಯಿದೆ. ಕೊಳಚೆಯನ್ನು ನೆರೆಯವರಿಗೆ ದಾಟಿಸದೆ ಇದ್ದಲ್ಲೇ ನೀರಾಗಿಸುವ ಕೆಲಸ ಇದು.

ಬೇಲಿಯ ಬಗ್ಗೆಯೂ ಒಂದು ಮಾತು. ಹಿಂದೆ ಕೆರೆಗೆ ನೀರುಗಂಟಿ ಇದ್ದ, ತೂಬು ಎತ್ತುವ ಲೆಕ್ಕ ಅವನ ಕೈಯಲ್ಲಿತ್ತು. ಬೇಸಿಗೆಯಲ್ಲಿ ರೈತರು ಗೋಡು ಹೊತ್ತು ಹೊಲಕ್ಕೆ ಹಾಕುತ್ತಿದ್ದರು, ಹೂಳೂ ಕಡಿಮೆಯಾಗುತ್ತಿತ್ತು. ಹುಲ್ಲು ಕೊಯ್ಯುವವರು, ದನ ಮೇಯಿಸುವವರು, ಬೆಸ್ತರು, ಮಡಿವಾಳರು ದಿನವೂ ಕೆರೆಯನ್ನು ಕಾಣುತ್ತಿದ್ದರು. ಇವರಲ್ಲಿ ಬಹುತೇಕರನ್ನು ಹೊರಗಿಟ್ಟು, ಬೆಳಿಗ್ಗೆ ಮತ್ತು ಸಂಜೆ ವಾಯುವಿಹಾರಿಗಳಿಗಷ್ಟೇ ಗೇಟು ತೆರೆದದ್ದು ಅನ್ಯಾಯ. ಕೆರೆಯ ಹಿತಕ್ಕೂ ಅದು ಒಳ್ಳೆಯದಲ್ಲ. ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿಯಲ್ಲಿ ಸ್ಥಳೀಯರು ಮುಂದೆ ನಿಂತು ಕೆರೆ ಉಳಿಸಿಕೊಂಡಾಗ ಹುಲ್ಲು ಕೊಯ್ಯುವವರಿಗೂ ಜಾಗ ಇಟ್ಟರು. ಆ ವಿವೇಕ ಎಲ್ಲ ಕಡೆ ಬರಬೇಕಿತ್ತು.

ಕಾನೂನು ಕೂಡ ಕೈಬಿಟ್ಟಿತು. ಕೆರೆಯಂಚಿನಿಂದ 75 ಮೀಟರ್ ಜಾಗ ಕಟ್ಟಡವಿಲ್ಲದೆ ಇರಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲಿ ಹೇಳಿತ್ತು. ಅಂಥ ಮಿತಿ ಹೇರಲು ಮಂಡಳಿಗೆ ಅಧಿಕಾರವಿಲ್ಲವೆಂದು ಸುಪ್ರೀಂ ಕೋರ್ಟ್ 2019ರಲ್ಲಿ ಅದನ್ನು ರದ್ದುಮಾಡಿತು. 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆಯ ಆಸುಪಾಸು ಮುಳುಗಿದಾಗ ಐಟಿ ಉದ್ಯೋಗಿಗಳು ಟ್ರ್ಯಾಕ್ಟರ್ ಏರಿ ಕೆಲಸಕ್ಕೆ ಹೋದರು. ಎರಡನೇ ಬೇಸಿಗೆಗೆ, 2024ರಲ್ಲಿ, ಇದೇ ಊರು ಟ್ಯಾಂಕರಿಗಾಗಿ ಕಾದು ನಿಂತಿತು. ಮಳೆ ಕೈಕೊಟ್ಟದ್ದು ನಿಜ. ಆದರೆ ನಿಲ್ಲಬೇಕಾದ ಕಡೆ ನೀರು ನಿಲ್ಲದ, ಇಂಗಬೇಕಾದ ಕಡೆ ಕಾಂಕ್ರೀಟು ಹರಡಿದ ನಗರಕ್ಕೆ ಒಂದು ಬರಗಾಲವನ್ನೂ ತಡೆದುಕೊಳ್ಳಲಾಗಲಿಲ್ಲ.

ನಿಮ್ಮ ಬಡಾವಣೆಯ ಕೆರೆಗೆ ಹಣ ಮಂಜೂರಾದಾಗ ಕ್ಷೇಮಾಭಿವೃದ್ಧಿ ಸಂಘದವರು ನಕ್ಷೆ ತರಿಸಿಕೊಂಡು ನೋಡಿ. ನಮ್ಮ ಮನೆಗಳ ಕೊಳಚೆ ಯಾವ ಘಟಕಕ್ಕೆ ಹೋಗುತ್ತದೆ, ಮಳೆನೀರು ಯಾವ ಕಡೆಯಿಂದ ಒಳಗೆ ಬರುತ್ತದೆ, ಜೊಂಡಿಗೆ ಎಷ್ಟು ಜಾಗ ಬಿಟ್ಟಿದ್ದೀರಿ ಎಂದು ಎಂಜಿನಿಯರರನ್ನು ಕೇಳಿ. ಬರೆಹದಲ್ಲಿ ಉತ್ತರ ಸಿಗುವವರೆಗೆ ನಡಿಗೆಪಥಕ್ಕೆ ಒಪ್ಪಿಗೆ ಕೊಡಬೇಡಿ.